ಕಣ್ಣಿಲ್ಲದ ಕಾಲಾಳುಗಳು

“ಆರಿಸಬ್ಯಾಡ್ರಿ ಸಾರ್. ಕಣ್ಣು ಮುಚ್ಚಿ ಕೈ ಹಾಕ್ರಿ, ಬಂದದ್ದು ತಗೊಳ್ರಿ. ಆರಿಸಬ್ಯಾಡ್ರಿ.”

ಎರ್ರಮ್ಮಜ್ಜಿ ಹೀಗೆಂದಾಗ ನಂಜರಾಜ ಮೊದಲು ನಕ್ಕ. ಆಮೇಲೆ ಜೇಬಿನಿಂದ ಸ್ಕೇಲು ತೆಗೆದ.

ಅವನು ಮೈಸೂರಿನವನು. ಬಳ್ಳಾರಿಯ ಕಾಲೇಜೊಂದಕ್ಕೆ ಇತಿಹಾಸದ ಮೇಷ್ಟರಾಗಿ ಬಂದು ಇನ್ನೂ ಇಲ್ಲಿಯ ಒಂದು ಬೇಸಿಗೆಯನ್ನೂ ಪೂರ್ತಿ ಕಂಡಿರಲಿಲ್ಲ. ಪಾಠಕ್ಕಿಂತ ಹೆಚ್ಚಾಗಿ ಅವನ ತಲೆ ತಿನ್ನುತ್ತಿದ್ದುದು ಒಂದು ಆಟ. ಇಂಗ್ಲೆಂಡಿನ ಯಾವುದೋ ಹಳೆಯ ಪತ್ರಿಕೆ ಓದಿ ಹಿಡಿಸಿಕೊಂಡ ಹುಚ್ಚು ಅದು. ಹಲಗೆಯ ಮೇಲೆ ಗುಡ್ಡ, ಹೊಳೆ, ಕೋಟೆ ಮಾಡಿ, ಬೆರಳಿನ ಗೆಣ್ಣುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಹಳೆಯ ಯುದ್ಧಗಳನ್ನು ಮತ್ತೆ ಆಡುವುದು. ಎದುರಾಳಿಯಾಗಿ ಸಿಕ್ಕವನು ಸಿರುಗುಪ್ಪದ ತಿಪ್ಪೇರುದ್ರಪ್ಪ, ಅದೇ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟರು. ಅವನು ಅಚ್ಚು ಮಾಡಿ, ಸೀಸ ಕಾಯಿಸಿ ಸುರಿದು, ಬಹಮನಿ ಸುಲ್ತಾನನ ಕುದುರೆ ದಂಡನ್ನೇ ಎಬ್ಬಿಸಿಬಿಟ್ಟಿದ್ದ. ನಂಜರಾಜನ ವಿಜಯನಗರಕ್ಕೆ ಮಾತ್ರ ಕಾಲಾಳುಗಳೇ ಇರಲಿಲ್ಲ. ಇಂಗ್ಲೆಂಡಿನಿಂದ ತರಿಸುವುದು ಆ ಎಪ್ಪತ್ತರ ದಶಕದಲ್ಲಿ ಆಗುವ ಹೋಗುವ ಮಾತಲ್ಲ. ಚನ್ನಪಟ್ಟಣದ ಗೊಂಬೆ ತರಿಸಿದರೆ ಕುದುರೆಗಿಂತ ಕಾಲಾಳೇ ದೊಡ್ಡವನಾಗಿ ಕಂಡ. ಮಣ್ಣಿನವು ಬೆರಳು ತಾಗಿದರೆ ಮುರಿದವು. ಕುರುಗೋಡಿನ ಅಜ್ಜಿಯೊಬ್ಬಳ ಹಗೇವಿನಲ್ಲಿ ಸೀಸದ ಸಿಪಾಯಿಗಳಿವೆ ಎಂದು ತಿಪ್ಪೇರುದ್ರಪ್ಪನೇ ಒಮ್ಮೆ ಬಾಯಿ ತಪ್ಪಿ ಹೇಳಿದ. ಹೇಳಿ ನಾಲಿಗೆ ಕಚ್ಚಿಕೊಂಡ. ನಂಜರಾಜ ಬಿಡುವ ಆಸಾಮಿಯಲ್ಲ.

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಮೇಲೆ ಒಬ್ಬ ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಎರ್ರಮ್ಮಜ್ಜಿಯ ಹಿತ್ತಲಿನ ಹಗೇವಿಗೆ ಯಾರೂ ಜೋಳ ಹಾಕುತ್ತಿರಲಿಲ್ಲ. ಅದರೊಳಗೆ ಗೊಂಬೆ ತುಂಬಿದ ಬುಟ್ಟಿಗಳನ್ನು ಹಗ್ಗ ಕಟ್ಟಿ ಇಳಿಬಿಟ್ಟಿದ್ದರು. ಸುಗ್ಗಿಯಲ್ಲಿ ರೈತರು ಬಂದು, ಕಣ್ಣು ಮುಚ್ಚಿ ಬುಟ್ಟಿಗೆ ಕೈಹಾಕಿ, ಒಂದೊಂದು ಒಯ್ಯುತ್ತಿದ್ದರು. ಕಣದ ರಾಶಿಯ ಮೇಲೆ ಇಟ್ಟರೆ ಕೆಟ್ಟ ದೃಷ್ಟಿ ತಾಗದು ಎಂದು ನಂಬಿಕೆ. ರಾಶಿ ಮನೆ ಸೇರಿದ ಮೇಲೆ ತಂದು ಒಪ್ಪಿಸುವುದು. ಆ ಗೊಂಬೆಗಳಿಗೆ ಮೂಗಿತ್ತು, ಮೀಸೆಯಿತ್ತು, ಕಿವಿಯಲ್ಲಿ ಕಡಕೂ ಇತ್ತು. ಕಣ್ಣಿನ ಜಾಗ ಮಾತ್ರ ನುಣ್ಣಗೆ ಖಾಲಿ.

“ಯಾಕಜ್ಜೀ ಆರಿಸಬಾರದು?” ಎಂದು ಕೇಳಿದ ನಂಜರಾಜ, ಬುಟ್ಟಿಯನ್ನು ಗೋಣಿತಾಟಿನ ಮೇಲೆ ಸುರಿಯುತ್ತ.

“ಪಾಳೇಗಾರ್ರ ಕಾಲದಾಗ ಮಾಟ ಮಾಡಿದ ಗೊಂಬಿ ಇವು. ಸಿರುಗುಪ್ಪದ ಹೊಳಿ ದಂಡಿಗೆ ಒಂದು ದಂಡು ಬಂದು ಇಳಿದಿತ್ತಂತ. ಮಾಟಗಾರ ಆಳಿಗೊಂದು ಗೊಂಬಿ ಹೊಯ್ದು, ಕಣ್ಣು ಬಿಡಸದಂಗ ಇಲ್ಲೇ ಹುಗದ. ಬೆಳಗಾದ್ರ ಅಷ್ಟೂ ಮಂದಿ ಕುರುಡು. ಕುರಿ ಕಡದಂಗ ಕಡದ್ರಂತ.” ಅಜ್ಜಿ ದನಿ ತಗ್ಗಿಸಿದಳು. “ಇಂಥಾವನ ಬೇಕು ಅಂತ ಆರಿಸಿದ್ರ, ನಮ್ಮನ್ನ ಯುದ್ಧಕ್ಕ ಕರದ್ರು ಅಂತ ತಿಳೀತಾವ. ಎದ್ದು ನಿಲ್ಲತಾವ. ನಿಂತ ಮ್ಯಾಲ ಕಣ್ಣು ಕೇಳತಾವ.”

“ಕೇಳಿದರೆ ಕೊಡೋಣ ಬಿಡಿ!” ಎಂದು ನಂಜರಾಜ ಗಹಗಹಿಸಿದ.

ಆರಿಸುವುದೇ ಆ ಆಟದ ಅರ್ಧ ಸುಖ ಎಂಬುದು ಆ ಮುದುಕಿಗೇನು ಗೊತ್ತು? ಈಟಿ ಚಾಚಿದವರು ಮುಂದಿನ ಸಾಲಿಗೆ, ಈಟಿ ಎತ್ತಿ ಹಿಡಿದವರು ಹಿಂದಿನ ಸಾಲಿಗೆ. ಕಾಲು ಸೊಟ್ಟಗಿರುವವನು ಬೇಡ. ಎಲ್ಲಕ್ಕಿಂತ ಮುಖ್ಯ ಅಳತೆ. ಒಬ್ಬನಿಗೆ ರುಮಾಲು, ಒಬ್ಬನಿಗೆ ಕುಲಾವಿ ಇರುವುದರಿಂದ ನೆತ್ತಿಯವರೆಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಈ ಆಟದವರು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ. ಇಲ್ಲಿ ಕಣ್ಣೇ ಇಲ್ಲವಲ್ಲ! ನಂಜರಾಜ ಕೈವಾರದ ಮೊನೆಯಿಂದ ಒಂದೊಂದರ ಮುಖಕ್ಕೂ ಎರಡೆರಡು ಚುಕ್ಕೆ ಚುಚ್ಚಿದ, ಸ್ಕೇಲು ಹಿಡಿದ, ಸರಿಬಂದವನ್ನು ಪಕ್ಕಕ್ಕಿಟ್ಟ. ಪ್ರತಿ ಚುಚ್ಚಿಗೂ ಸೀಸದೊಳಗಿಂದ ಹೇನು ಕುಕ್ಕಿದಂಥ ಸಣ್ಣ ಸದ್ದು ಬಂತು. ಅಜ್ಜಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಜೊತೆಗೆ ಬಂದಿದ್ದ ತಿಪ್ಪೇರುದ್ರಪ್ಪ ಬೇವಿನ ಮರ ನೋಡುತ್ತ ನಿಂತುಬಿಟ್ಟ.

“ಹೇಳೀನಿ. ಮತ್ತ ನನ್ನ ಮ್ಯಾಲ ಬರಬ್ಯಾಡ್ರಿ,” ಎಂದಳು ಅಜ್ಜಿ.

ಕೌಲ್ ಬಜಾರಿನ ಬಾಡಿಗೆ ಮನೆಯಲ್ಲಿ ಬಣ್ಣ ಹಚ್ಚುವ ಕೆಲಸ ಹೆಂಡತಿ ಗಿರಿಜೆಯದು. ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವ ಕೈ ಅವಳದು. ಗಂಡನ ಹುಚ್ಚನ್ನು ಬಾಯಲ್ಲಿ ಬೈಯುತ್ತ, ಕೈಯಲ್ಲಿ ಸಾಕುತ್ತಿದ್ದಳು. ಕೆಂಪು ಚಲ್ಲಣ, ಹಳದಿ ನಡುಕಟ್ಟು, ಕಂದು ಮೈ, ಎಲ್ಲ ಮುಗಿಸಿ ಕುಂಚ ಕೆಳಗಿಟ್ಟಳು.

“ಇವಕ್ಕೆ ಕಣ್ಣು ಬೇಡಾರೀ. ಹೀಗೇ ಇರ್ಲಿ. ನೋಡಿದ್ರೆ ಒಂಥರಾ ಆಗತ್ತೆ.”

“ಕುರುಡು ಸೈನ್ಯ ಕಟ್ಕೊಂಡು ತಿಪ್ಪೇರುದ್ರಪ್ಪನ ಹತ್ರ ನಗಿಸಿಕೊಳ್ಳಲಾ? ಚುಕ್ಕೆ ನಾನೇ ಚುಚ್ಚಿದೀನಿ, ಕಪ್ಪು ತುಂಬು ಸಾಕು. ನನ್ನ ಕೈ ನಡುಗತ್ತೆ ಕಣೇ.”

ಅವಳು ತುಂಬಿದಳು. ಅವನ ಮೇಲಿನ ಪ್ರೀತಿಗೆ ತುಂಬಿದಳು, ಅಷ್ಟೇ.

ಮರುದಿನ ಕಾಲೇಜಿನಿಂದ ಬಂದಾಗ ಮನೆಯಲ್ಲಿ ಮುಗ್ಗಿದ ಜೋಳದ ವಾಸನೆ ಅಡರಿತ್ತು. ಅದರ ಹಿಂದೆಯೇ ಹಸಿ ಕೆಸರು, ಕುದುರೆಯ ಬೆವರು. ಹಲಗೆಯ ಮೇಲೆ ಸುಲ್ತಾನನ ಕುದುರೆಗಳಿಗೆ ಮುಖಮಾಡಿ ನಿಲ್ಲಿಸಿದ್ದ ಕಾಲಾಳುಗಳು ಈಗ ಅಷ್ಟೂ ಅಡುಗೆಮನೆಯ ಕಡೆಗೆ ತಿರುಗಿದ್ದವು. ಗಿರಿಜೆಯ ಚೇಷ್ಟೆ ಎಂದುಕೊಂಡ. ಅಷ್ಟರಲ್ಲಿ ಒಳಗಿನಿಂದ ಅವಳ ದನಿ ಬಂತು.

“ಕಿಟಕಿ ಯಾಕ್ರೀ ಹಾಕಿದ್ರಿ? ಸ್ವಲ್ಪ ತೆಗೀರಿ, ಏನೂ ಕಾಣ್ತಿಲ್ಲ.”

ಕಿಟಕಿ ತೆರೆದೇ ಇತ್ತು. ಬಳ್ಳಾರಿಯ ಬಿಸಿಲು ಅಡುಗೆಮನೆಯ ತುಂಬ ಬಿದ್ದಿತ್ತು. ಆ ಬಿಸಿಲಿನ ನಡುವೆ ನಿಂತು ಅವಳು ಬಟ್ಟಲಿಗೆಂದು ಕೈ ಚಾಚಿ ಕಾದ ಹಂಚನ್ನು ಮುಟ್ಟಿದಳು. ಚರ್ಮ ಸುಟ್ಟ ವಾಸನೆ ಅವನ ಮೂಗಿಗೆ ಬಡಿಯಿತು.

ಕಣ್ಣಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಯಾವ ದೋಷವೂ ಇಲ್ಲ ಎಂದರು. ಸಂಜೆಯ ಹೊತ್ತಿಗೆ ಅವಳಿಗೆ ಅವನ ಮುಖ ಬರೀ ನೆರಳಾಗಿತ್ತು. ಗಿರಿಜೆ ಅಳಲಿಲ್ಲ, ಅವನ ಅಂಗಿಯ ಚುಂಗು ಹಿಡಿದು ಕೂತಳು. ಅದಕ್ಕಿಂತ ಅತ್ತಿದ್ದರೆ ವಾಸಿಯಿತ್ತು. ಅವಳನ್ನು ಮಲಗಿಸಿ ನಂಜರಾಜ ಹಲಗೆಯ ಹತ್ತಿರ ಬಂದ, ಬಗ್ಗಿದ, ಹಾಗೇ ನಿಂತುಬಿಟ್ಟ. ಗೊಂಬೆಗಳ ಮುಖದಲ್ಲಿ ಕಪ್ಪು ಬಣ್ಣದ ಚುಕ್ಕೆಗಳಿರಲಿಲ್ಲ. ಕಣ್ಣುಗಳಿದ್ದವು. ಒದ್ದೆಯಾದ, ಕಂದು ಬಣ್ಣದ ಕಣ್ಣುಗಳು. ಎಡಗಣ್ಣಿನ ಮೂಲೆಯಲ್ಲಿ ಜೇನುಬಣ್ಣದ ಒಂದು ಮಚ್ಚೆ. ಆ ಮಚ್ಚೆಯನ್ನು ಮದುವೆಯ ದಿನವೇ ಅವನು ಗಿರಿಜೆಯ ಕಣ್ಣಿನಲ್ಲಿ ಕಂಡು ಮೆಚ್ಚಿದ್ದ.

ಅವನು ಟರ್ಪೆಂಟೈನ್ ಬಟ್ಟೆ ತೆಗೆದು ಒಂದರ ಮುಖ ಉಜ್ಜಿದ. ಕೋಣೆಯಿಂದ ಗಿರಿಜೆ ಕಿರುಚಿದಳು.

“ಕಣ್ಣು! ರೀ, ಕಣ್ಣು ಉರೀತಿದೆ! ಯಾರೋ ಉಜ್ತಿದಾರೆ!”

ಬಟ್ಟೆ ಕೈಯಿಂದ ಜಾರಿತು. ಹಲಗೆಯ ಮೇಲಿನ ಅಷ್ಟೂ ಕಣ್ಣುಗಳು ಒಮ್ಮೆ ರೆಪ್ಪೆ ಬಡಿದವು.

ಬೆಳಿಗ್ಗೆ ಪಕ್ಕದ ಮನೆಯ ದಾಕ್ಷಾಯಣಮ್ಮನನ್ನು ಗಿರಿಜೆಯ ಬಳಿ ಕೂರಿಸಿ, ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಗಂಟು ಕಟ್ಟಿ, ತಿಪ್ಪೇರುದ್ರಪ್ಪನ ಸ್ಕೂಟರಿನಲ್ಲಿ ಇಬ್ಬರೂ ಕುರುಗೋಡಿಗೆ ಹೊರಟರು. ನಡೆದುದನ್ನು ಕೇಳಿದ ಎರ್ರಮ್ಮಜ್ಜಿ ಗಂಟನ್ನು ಮುಟ್ಟಲೂ ಇಲ್ಲ.

“ಅಳಿಸಿದ್ರ ಆಕಿ ಕಣ್ಣು ಅಳಿಸ್ತಾವ. ಕರಗಿಸಿದ್ರ ಆಕಿ ಕಣ್ಣು ಕರಗ್ತಾವ. ಆರಿಸಿದಾವ ಇಳೀಬೇಕು. ಆಕೀನ ಬಿಡ್ರಿ ಅಂತ ಕೇಳಬೇಕು. ಸುಮ್ನ ಬಿಡೂದಿಲ್ಲ ಅವು.”

“ಏನು ಕೇಳ್ತವೆ?”

ಅಜ್ಜಿ ಅವನ ಮುಖ ನೋಡಿದಳು. “ನಿಮಗ ಗೊತ್ತೈತಿ.”

ನಂಜರಾಜನಿಗೆ ಗೊತ್ತಿತ್ತು. ಓಡಿಹೋಗಬೇಕು ಎಂದು ನಿಜವಾಗಿಯೂ ಅನ್ನಿಸಿತು. ಆದರೆ ಅಂಗಿಯ ಚುಂಗು ಹಿಡಿದು ಕೂತವಳು ಕಣ್ಣ ಮುಂದೆ ಬಂದಳು. ತಿಪ್ಪೇರುದ್ರಪ್ಪ ಕಲ್ಲುಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಸ್ವಲ್ಪ ಹೊತ್ತು ಕಾದು, ಅವನ ನಡುವಿಗೆ ಹಗ್ಗ ಬಿಗಿದು ಇಳಿಸಿದ.

ಮೇಲೆ ನಡುಹಗಲು. ಕೆಳಗೆ ಮಸಿ. ಕಂದೀಲಿನ ಬೆಳಕು ಗೋಡೆ ಮುಟ್ಟುವ ಮೊದಲೇ ಸೋಲುತ್ತಿತ್ತು. ಮುಗ್ಗಿನ ವಾಸನೆ ಗಂಟಲಿಗಿಳಿಯಿತು. ಅವನು ಗಂಟು ಬಿಚ್ಚಿದ. ಒಂದೊಂದನ್ನೇ ನೆಲಕ್ಕಿಟ್ಟ. ಕೊನೆಯದನ್ನು ಇಡುತ್ತಿದ್ದಂತೆ ಕಂದೀಲು ಆರಿತು. ಗಾಳಿಯೇ ಇರಲಿಲ್ಲ.

“ಅವಳನ್ನು ಬಿಡಿ,” ಎಂದ. ಮತ್ತೆ ಹೇಳಿದ. “ಅವಳನ್ನು ಬಿಟ್ಟುಬಿಡಿ. ನಾನು ಆರಿಸಿದ್ದು. ನನ್ನದು ತಗೊಳ್ಳಿ.”

ಟಿಣ್. ಸೀಸಕ್ಕೆ ಸೀಸ ತಾಗಿದ ಸದ್ದು. ಇನ್ನೊಂದು. ಬುಟ್ಟಿಗಳೊಳಗಿಂದ ಇನ್ನೂ ಹಲವು. ಅಂಗಾಲಿಗೆ ಏನೋ ತಣ್ಣಗೆ ತಾಗಿತು. ಹಿಮ್ಮಡಿ. ಮೀನಖಂಡ. ಮಂಡಿ. ಅವಸರವಿಲ್ಲದೆ ಮೇಲೇರುತ್ತಿತ್ತು. ಹೊಟ್ಟೆ. ಎದೆ. ಅಳೆಯುತ್ತಿವೆ. ನನ್ನನ್ನು ಅಳೆಯುತ್ತಿವೆ. ಕೊರಳು. ತುಟಿ. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ರೆಪ್ಪೆಯನ್ನು ಯಾರೋ ಮೆಲ್ಲಗೆ ಎತ್ತಿದರು. ನೋವಾಗಲಿಲ್ಲ. ಸೂಜಿಯ ಮೊನೆಯಷ್ಟು ತಣ್ಣನೆಯ ಚುಚ್ಚು, ಎರಡು ಸಲ.

“ಎಳೀ! ತಿಪ್ಪೇರುದ್ರಪ್ಪಾ, ಎಳೀ!”

ಹಗ್ಗ ಬಿಗಿಯಿತು. ಮೈ ಗೋಡೆಗೆ ತರಚುತ್ತ ಮೇಲೆ ಬಂತು. ಬೆನ್ನಿಗೆ ಬಿಸಿಲು ತಾಗಿತು, ಬೇವಿನ ಹೂವಿನ ವಾಸನೆ ಬಂತು. ಆದರೆ ಅವನಿಗೆ ಕಾಣುತ್ತಿದ್ದುದು ಬೇರೆ. ಬಹಳ ಎತ್ತರದಲ್ಲಿ ದುಂಡನೆಯ ಬೆಳಕು. ಅದರ ಅಂಚಿನಿಂದ ಬಗ್ಗಿದ ಮೂರು ತಲೆಗಳು. ಒಂದು ಅಜ್ಜಿಯದು, ಒಂದು ತಿಪ್ಪೇರುದ್ರಪ್ಪನದು. ಮೂರನೆಯದು ಅವನದೇ, ಬಾಯಿ ತೆರೆದು, ಏನನ್ನೂ ನೋಡದ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಆಮೇಲೆ ಚಪ್ಪಡಿ ಮುಚ್ಚಿತು. ಕತ್ತಲಾಯಿತು.

“ಎರಡು ಕಣ್ಣು ಒಬ್ಬಗ ಆದುವು,” ಎಂದಳು ಅಜ್ಜಿ. “ಉಳಿದಾವು ಸುಮ್ನ ಇದ್ರ ಸಾಕು.”

ಅದೇ ಗಳಿಗೆಯಲ್ಲಿ ಬಳ್ಳಾರಿಯಲ್ಲಿ ಗಿರಿಜೆಗೆ ಕಣ್ಣು ಬಂದಿತ್ತು. ಸ್ಕೂಟರು ನಿಂತಾಗ ಓಡಿಬಂದವಳು ಗಂಡನ ಮುಖ ನೋಡಿ ಬಾಗಿಲಲ್ಲೇ ಕುಸಿದಳು. ಅವನ ಕಣ್ಣೂ ಸರಿಯಾಗಿಯೇ ಇದೆ ಎಂದರು ಡಾಕ್ಟರು. ಸರಿಯಾಗಿಯೇ ಇತ್ತು; ಅದು ನೋಡುವ ಜಾಗ ಮಾತ್ರ ಬೇರೆ. ಅಜ್ಜಿ ಚಪ್ಪಡಿ ತೆಗೆದಾಗಲೆಲ್ಲ ಅವನಿಗೆ ಬಳ್ಳಾರಿಯಲ್ಲಿ ಕೂತಲ್ಲಿಯೇ ಬೆಳಕಾಗುತ್ತಿತ್ತು. ಉಳಿದಂತೆ ಹಗೇವಿನ ಕತ್ತಲು.

“ಹಾಗಾದ್ರೆ ನಾನೇ ಹೋಗಿ ಅಲ್ಲಿ ನಿಂತ್ಕೋತೀನಿ,” ಎಂದಳು ಗಿರಿಜೆ. “ನೀವು ನನ್ನ ನೋಡಬಹುದಲ್ವಾ?”

ವಾರವಾರ ಕುರುಗೋಡಿನ ಬಸ್ಸು ಹಿಡಿದಳು. ಅಜ್ಜಿ ಗೊಣಗುತ್ತ, ಕನಿಕರಕ್ಕೆ ಚಪ್ಪಡಿ ಸರಿಸುತ್ತಿದ್ದಳು. ಬಳ್ಳಾರಿಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತ ನಂಜರಾಜನಿಗೆ ದುಂಡು ಬೆಳಕಿನ ನಡುವೆ ಹೆಂಡತಿಯ ಮುಖ ಕಾಣುತ್ತಿತ್ತು. ಮೊದಲ ಸಲ ಅದು ಅಡಿಕೆಯಷ್ಟಿತ್ತು. ಅವನು ಮಗುವಿನಂತೆ ಅತ್ತ. ಆಮೇಲಿನ ವಾರ ಇನ್ನಷ್ಟು ದೊಡ್ಡದು. ಆಮೇಲೆ ತುಟಿಯ ಅಲುಗಾಟವೂ ಕಂಡಿತು.

“ಇವತ್ತು ತುಂಬಾ ಬಗ್ಗಿದ್ದೆ ಅಲ್ವೇನೇ?” ಎಂದು ಕೇಳಿದ ಒಮ್ಮೆ.

“ಇಲ್ವಲ್ಲಾ. ಯಾವಾಗಲೂ ನಿಲ್ಲೋ ಜಾಗದಲ್ಲೇ ನಿಂತಿದ್ದೆ.”

ಹಾಗಾದರೆ ಹತ್ತಿರ ಬರುತ್ತಿರುವುದು ಅವಳಲ್ಲ. ಆದರೂ ಬಾಯಿ ಬಿಡಲಿಲ್ಲ. ಹೇಳಿದರೆ ಅವಳು ಹೋಗುವುದನ್ನು ನಿಲ್ಲಿಸುತ್ತಾಳೆ. ಅವಳ ಮುಖ ಬಿಟ್ಟರೆ ಅವನ ಪಾಲಿಗೆ ಬೇರೆ ಬೆಳಕಿರಲಿಲ್ಲ.

ಮುಂದಿನ ವಾರ ಚಪ್ಪಡಿ ಸರಿದಾಗ ಮುಖ ಎಷ್ಟು ಹತ್ತಿರವಿತ್ತೆಂದರೆ ಮೂಗುತಿಯ ಹರಳು ಮಿನುಗುವುದು ಕಂಡಿತು. ಮೇಲ್ದುಟಿಯ ಬೆವರು ಕಂಡಿತು. ಆಗ ಮೊದಲ ಸಲ ಅವನ ನೋಟ ತಾನಾಗಿ ಕೆಳಕ್ಕೆ ತಿರುಗಿತು.

ಗೋಡೆಯ ತುಂಬ ಅವರಿದ್ದರು. ಮಣ್ಣಿಗೆ ಈಟಿ ನೆಟ್ಟು, ಈಟಿಯ ಮೇಲೆ ಕಾಲಿಟ್ಟು, ಹೆಗಲ ಮೇಲೆ ಹೆಗಲು. ತಳದಿಂದ ಬಾಯಿಯವರೆಗೆ ಸೀಸದ ಏಣಿ. ಕೋಟೆ ಹತ್ತುವುದು ಹೀಗೆ ಎಂದು ಅವನೇ ಎಷ್ಟೋ ಸಲ ಪಾಠ ಮಾಡಿದ್ದ. ಅಷ್ಟೂ ಮುಖಗಳು ಮೇಲಕ್ಕೆತ್ತಿದ್ದವು. ಯಾವುದಕ್ಕೂ ಕಣ್ಣಿರಲಿಲ್ಲ. ಕಣ್ಣಿದ್ದ ಒಬ್ಬನನ್ನೇ ಎಲ್ಲರೂ ಸೇರಿ ಮೇಲೆತ್ತಿ ಹಿಡಿದಿದ್ದರು. ಆ ಕಣ್ಣಿಗೆ ಕಾಣಲೆಂದೇ ಅವಳು ಬರುತ್ತಾಳೆ ಎಂಬುದು ಅವಕ್ಕೆ ಗೊತ್ತಾಗಿತ್ತು.

ನಂಜರಾಜ ಎದ್ದ. ಕುರ್ಚಿ ಉರುಳಿತು. “ಹಿಂದೆ ಸರಿ! ಗಿರಿಜಾ, ಹಿಂದೆ ಸರಿಯೇ!” ದಾಕ್ಷಾಯಣಮ್ಮ ಓಡಿಬಂದು ಅವನ ರಟ್ಟೆ ಹಿಡಿದಳು. ಕೊಸರಿದ. ಕೂಗಿದ. ಬಳ್ಳಾರಿಯ ಪಡಸಾಲೆಯಿಂದ ಕುರುಗೋಡಿನ ಹಿತ್ತಲಿಗೆ ಯಾವ ಕೂಗು ಕೇಳೀತು?

ಬಿಸಿಲಿನಲ್ಲಿ ನಿಂತವಳಿಗೆ ಹಗೇವಿನೊಳಗೆ ಬರೀ ಕತ್ತಲು. ಗಂಡ ತನ್ನನ್ನು ನೋಡುತ್ತಿದ್ದಾನೆಂದು ಗಿರಿಜೆ ನಕ್ಕಳು. ಅವನಿಗೆ ಇನ್ನಷ್ಟು ಚೆನ್ನಾಗಿ ಕಾಣಲೆಂದು ಮುಂಗುರುಳು ಹಿಂದಕ್ಕೆ ಸರಿಸಿ, ಅಂಚಿಗೆ ಕೈಯೂರಿ, ಕೆಳಗೆ ಬಗ್ಗಿದಳು.