ರಸ್ತೆಯ ಮೇಲಿಟ್ಟ ಹೆಲ್ಮೆಟ್ಟು

ಫೆಬ್ರವರಿ ಒಂಬತ್ತು, ಸೋಮವಾರ. ಬೆಳಗಿನ ಹಾಜರಿ ಮುಗಿದು ಪೇದೆಗಳು ಚದುರುತ್ತಿದ್ದಾಗ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಔಷಧಿ ಅಂಗಡಿಯೊಂದರಲ್ಲಿ ಕೆಲಸ. ಮಗಳನ್ನು ಶಾಲೆಗೆ ಬಿಟ್ಟು ನೇರ ಬಂದಿದ್ದಳು. ತನ್ನ ಗಂಡ ಸತ್ತು ಹದಿನೈದು ದಿನವಾಯಿತು, ಅದನ್ನು ಈ ಠಾಣೆಯವರು ತಪ್ಪಾಗಿ ಬರೆದಿದ್ದಾರೆ ಎಂದಳು.

ಇನ್ಸ್‌ಪೆಕ್ಟರ್ ಈ ಠಾಣೆಗೆ ವರ್ಗವಾಗಿ ಬಂದು ವಾರವಾಗಿತ್ತಷ್ಟೆ. ಹೆಡ್ ಕಾನ್‌ಸ್ಟೇಬಲ್‌ನಿಂದ ಹಳೆಯ ಕಡತ ತರಿಸಿದರು. ಆತನಿಗೆ ಠಾಣೆಯಲ್ಲಿ ‘ಸಾವಧಾನ’ ಎಂದೇ ಹೆಸರು. ಕಳ್ಳ ಎದುರಿಗೇ ಓಡುತ್ತಿದ್ದರೂ ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡೇ ಬೆನ್ನು ಹತ್ತುವವನು.

ಕಡತದಲ್ಲಿದ್ದುದು ಇಷ್ಟು. ಮೃತನು ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಮೋಟಾರ್ ಸೈಕಲ್ ಸವಾರರ ಪ್ರಾಂತೀಯ ಸಮಾವೇಶಕ್ಕೆ ಒಬ್ಬನೇ ಹೊರಟವನು ಹಳೆಯ ಘಟ್ಟದ ರಸ್ತೆಯ ಮೂರನೆಯ ತಿರುವಿನ ಕೆಳಗೆ ಹೆಣವಾಗಿ ಸಿಕ್ಕಿದ. ಗಾಡಿ ಮೇಲೆ ರಸ್ತೆಯಂಚಿನಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮೂತ್ರವಿಸರ್ಜನೆಗೆಂದು ಇಳಿದು ಕಾಲು ಜಾರಿ ಬಿದ್ದಿರಬೇಕೆಂದು ಅಸ್ವಾಭಾವಿಕ ಮರಣವಾಗಿ ದಾಖಲಿಸಿ ಮುಗಿಸಿದ್ದರು.

ಕುಡಿದಿದ್ದರೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಆಕೆಗೆ ಸಿಟ್ಟು ಬರಲಿಲ್ಲ. ಎಲ್ಲರೂ ಅದನ್ನೇ ಕೇಳಿ ಅಭ್ಯಾಸವಾಗಿತ್ತು. ನೀನು ಬೇಡವೆಂದಿದ್ದರೆ ನನ್ನ ಮಗ ಹೋಗುತ್ತಿದ್ದನೇ ಎಂದು ಮಾವ ಮಾತು ಬಿಟ್ಟಿದ್ದರು. ನಿಮ್ಮಪ್ಪ ಕುಡಿದು ಬಿದ್ದರಂತೆ ಎಂದು ಶಾಲೆಯಲ್ಲಿ ಮಕ್ಕಳು ಅಂದರೆಂದು ಮಗಳು ಎರಡು ದಿನ ಅನ್ನ ಮುಟ್ಟಿರಲಿಲ್ಲ.

“ಗಾಡಿ ಕೀಲಿ ಆನ್ ಆಗೇ ಇತ್ತು ಸಾರ್. ಲೈಟು ಉರಿದು ಉರಿದು ಬ್ಯಾಟರಿ ಸತ್ತಿತ್ತು. ಅವರ ಹೆಲ್ಮೆಟ್ಟು ಹುಲ್ಲಲ್ಲಿ ಎಸೆದ ಹಾಗೆ ಬಿದ್ದಿತ್ತು. ಇಷ್ಟೂ ನಿಮ್ಮ ಪಂಚನಾಮೆಯಲ್ಲೇ ಇದೆ. ಒಂದಕ್ಕೆ ಹೋಗೋರು ಹಾಗೆ ಧಾವಂತದಲ್ಲಿ ಇಳೀತಾರಾ?”

“ನಿಮಗೆ ನಮ್ಮಿಂದ ಏನಾಗಬೇಕಮ್ಮ?”

“ಹೇಗೆ ಸತ್ತರು ಅನ್ನೋದು. ಮಗಳಿಗೆ ಹೇಳೋಕೆ ನಿಜವಾದ ಒಂದು ಮಾತು ಬೇಕು. ಬೇರೇನೂ ಬೇಡ.”

ಇನ್ನೂ ಒಂದು ಸಂಗತಿ ಹೇಳಿದಳು. ಒಂದು ವರ್ಷದಿಂದ ಗಂಡ ಬದಲಾಗಿಬಿಟ್ಟಿದ್ದ. ದಾರಿಯಲ್ಲಿ ಯಾರ ಗಾಡಿ ಕೆಟ್ಟು ನಿಂತಿದ್ದರೂ ತಾನೂ ನಿಲ್ಲುವನು. ಪೆಟ್ರೋಲ್ ಮುಗಿದ ಸ್ಕೂಟರನ್ನು ಊರ ತನಕ ತಳ್ಳಿಕೊಂಡು ಬಂದು ರಾತ್ರಿ ಊಟಕ್ಕೆ ತಡವಾದದ್ದೂ ಉಂಟು. ಊರಿನ ಕೆಟ್ಟ ಗಾಡಿಗಳಿಗೆಲ್ಲ ನೀವೇನು ಸೋದರಮಾವನೇ ಎಂದು ಆಕೆ ರೇಗಿದರೆ ನಗುತ್ತಲೂ ಇರಲಿಲ್ಲ, ಉತ್ತರವನ್ನೂ ಕೊಡುತ್ತಿರಲಿಲ್ಲ.

ಆಕೆ ಹೋದ ಮೇಲೆ ಇನ್ಸ್‌ಪೆಕ್ಟರ್ ಪಂಚನಾಮೆಯನ್ನು ಮತ್ತೆ ಓದಿದರು. ಆ ಮನುಷ್ಯ ಯಾವುದೋ ಒಂದರ ಕಡೆಗೆ ಓಡಿದ್ದ. ಆದರೆ ಹಾಗೆ ಓಡಿ ಹೋಗಿ ನೋಡುವಂಥದು ಅಲ್ಲಿ ಏನೂ ಸಿಕ್ಕಿರಲಿಲ್ಲ.

ಮಂಗಳವಾರ ಇನ್ಸ್‌ಪೆಕ್ಟರೂ ಸಾವಧಾನನೂ ಘಟ್ಟದ ರಸ್ತೆಗೆ ಹೋದರು. ಹೆದ್ದಾರಿಯಾದ ಮೇಲೆ ಆ ರಸ್ತೆಯಲ್ಲಿ ಬಸ್ಸಿಲ್ಲ. ಕಲ್ಲುಗಣಿಯ ಲಾರಿಗಳು ಮಾತ್ರ ಓಡಾಡುತ್ತವೆ. ತಿರುವುಗಳಲ್ಲಿ ಲಾರಿಯಿಂದ ಉದುರಿದ ಜಲ್ಲಿ ಹರಡಿಕೊಂಡಿತ್ತು. ಮೂರನೆಯ ತಿರುವಿನಲ್ಲಿ ತಡೆಗೋಡೆ ಮೊಣಕಾಲೆತ್ತರ. ಅದರ ಪಕ್ಕದಲ್ಲಿ ನಿಂತವನನ್ನು ಕೆಡವಲು ದೊಡ್ಡ ಬಲ ಬೇಕಾಗಿರಲಿಲ್ಲ.

ಸಾವಧಾನನನ್ನು ಗಣಿಯ ತೂಕದ ಕಟ್ಟೆಯ ಬಳಿ ಬಿಟ್ಟು, ಸಾವಾದ ದಿನ ಲಾರಿ ಓಡಿಸಿದ ಪ್ರತಿಯೊಬ್ಬ ಚಾಲಕನನ್ನೂ ಕೇಳಬೇಕೆಂದು ಹೇಳಿ ಇನ್ಸ್‌ಪೆಕ್ಟರ್ ಹಿಂತಿರುಗಿದರು. ಆ ಕೆಲಸಕ್ಕೆ ಅವನಿಗಿಂತ ತಕ್ಕವನಿರಲಿಲ್ಲ. ಎರಡು ದಿನ ಧೂಳು ಕುಡಿದು, ಗುರುವಾರ ಮಧ್ಯಾಹ್ನ ಒಬ್ಬ ಲಾರಿ ಚಾಲಕನನ್ನೂ ಒಂದು ಕೆಂಪು ಹೆಲ್ಮೆಟ್ಟನ್ನೂ ಠಾಣೆಗೆ ಕರೆತಂದ.

“ಕದ್ದಿದ್ದಲ್ಲ ಸಾರ್,” ಎಂದು ಚಾಲಕ ಬರುತ್ತಲೇ ಶುರುಮಾಡಿದ. “ನಡುರಸ್ತೇಲಿ ಇತ್ತು. ಯಾರದೋ ಬಿದ್ದುಹೋಗಿದೆ ಅಂದುಕೊಂಡೆ. ಭಾವಮೈದನಿಗೆ ಆಗುತ್ತೆ ಅಂತ ಎತ್ತಿಟ್ಟುಕೊಂಡೆ. ಅವನ ತಲೆಗೆ ಹಿಡೀಲಿಲ್ಲ.”

“ನಿನ್ನ ಭಾವಮೈದನಿಗೆ ಅಷ್ಟು ದೊಡ್ಡ ತಲೆ ಇದ್ದದ್ದು ನಮ್ಮ ಪುಣ್ಯ ಕಣಯ್ಯಾ,” ಎಂದ ಸಾವಧಾನ.

ಬಿದ್ದಿತ್ತೋ, ಇಟ್ಟಿತ್ತೋ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಚಾಲಕ ಯೋಚಿಸಿದ. ಇಟ್ಟ ಹಾಗೆ ಇತ್ತು, ಬಾಯಿ ಕೆಳಗಾಗಿ, ನೆಟ್ಟಗೆ. ಸ್ವಲ್ಪ ಮುಂದೆ ಅಂಚಿನಲ್ಲಿ ಒಂದು ಬೈಕು ನಿಂತಿತ್ತು, ಹತ್ತಿರ ಯಾರೂ ಇರಲಿಲ್ಲ. ಅಂದರೆ ಸತ್ತವನ ಹೆಲ್ಮೆಟ್ಟು ಹುಲ್ಲಿನಲ್ಲಿದ್ದಾಗ ಇನ್ನೊಂದು ಹೆಲ್ಮೆಟ್ಟು ರಸ್ತೆಯ ಮೇಲಿತ್ತು. ಪಂಚರನ್ನು ಕರೆಸಿ ಅದನ್ನು ವಶಪಡಿಸಿಕೊಂಡರು.

ರಸ್ತೆಯ ಮೇಲೆ ಹೆಲ್ಮೆಟ್ಟನ್ನು ಯಾರಾದರೂ ಯಾಕೆ ಇಡುತ್ತಾರೆ? ಇದನ್ನು ಕೇಳಲು ಸಮಾವೇಶ ನಡೆಸುವವನ ಬಳಿಗೆ ಹೋದರು. ಆತನದು ಟೈರು ಅಂಗಡಿ. ಸವಾರರೆಲ್ಲ ಟೈರಣ್ಣ ಎನ್ನುತ್ತಾರೆ. ಸಮಾವೇಶಕ್ಕೆ ಗುಂಪಾಗಿ ಬರುವವರು ಹೆದ್ದಾರಿ ಹಿಡಿಯುತ್ತಾರೆ, ಒಂಟಿಯಾಗಿ ಬರುವವರು ಹಠಕ್ಕೆ ಹಳೆಯ ಘಟ್ಟ ಹತ್ತುತ್ತಾರೆ. ಮೊದಲು ಬಂದು ಮುಟ್ಟಿದ ಒಂಟಿ ಸವಾರನ ಕೈಯಲ್ಲೇ ಬಾವುಟ ಏರಿಸುವುದು ವಾಡಿಕೆ. ಇದನ್ನೆಲ್ಲ ಟೈರಣ್ಣ ಉತ್ಸಾಹದಿಂದಲೇ ಹೇಳಿದ. ಹೆಲ್ಮೆಟ್ಟಿನ ಮಾತು ಬಂದಾಗ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

“ಗಾಡಿಯ ಹಿಂದೆ ರಸ್ತೆ ಮೇಲೆ ಹೆಲ್ಮೆಟ್ಟು ಇಟ್ಟರೆ, ಕಷ್ಟದಲ್ಲಿದ್ದೀನಿ, ನಿಲ್ಲು ಅಂತ ಅರ್ಥ ಸಾರ್. ಬಾಯಿ ಬಿಟ್ಟು ಕೂಗೋ ಶಕ್ತಿ ಇಲ್ಲದಿದ್ದರೂ ಇದು ಕೂಗುತ್ತೆ. ನೋಡಿಯೂ ದಾಟಿ ಹೋದವನನ್ನ ನಾವು ಸವಾರ ಅನ್ನಲ್ಲ.”

“ದಾಟಿ ಹೋದವರು ಇದ್ದಾರಾ?”

ಟೈರಣ್ಣ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ. ಬಳಿಕ ಹೋದ ವರ್ಷದ್ದನ್ನು ಹೇಳಿದ. ಅದೇ ಸಮಾವೇಶದ ದಿನ, ಅದೇ ತಿರುವಿನಲ್ಲಿ ಇಪ್ಪತ್ತೆರಡರ ಹುಡುಗನೊಬ್ಬ ಜಲ್ಲಿಯ ಮೇಲೆ ಜಾರಿ ಬಿದ್ದ. ತೊಡೆಯ ರಕ್ತನಾಳ ಹರಿದಿತ್ತು. ತೆವಳಿಕೊಂಡು ಹೋಗಿ ಹೆಲ್ಮೆಟ್ಟನ್ನು ರಸ್ತೆಯ ಮೇಲಿಟ್ಟಿದ್ದ. ಎಷ್ಟೋ ಹೊತ್ತಿನ ಮೇಲೆ ಹಾಲಿನ ವ್ಯಾನಿನವರು ನೋಡಿ ಎತ್ತಿಕೊಂಡು ಹೋದರು. ಅರ್ಧ ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿದ್ದ ಎಂದರಂತೆ ಡಾಕ್ಟರು. ಯಾರೋ ಒಬ್ಬ ನೋಡಿಯೂ ನಿಲ್ಲದೆ ಹೋದನೆಂಬ ಗುಸುಗುಸು ಇತ್ತು. ಯಾರೆಂದು ತಿಳಿಯಲಿಲ್ಲ.

ಇನ್ಸ್‌ಪೆಕ್ಟರ್ ಕೆಂಪು ಹೆಲ್ಮೆಟ್ಟನ್ನು ತೋರಿಸಿದರು. ಟೈರಣ್ಣ ಅದರೊಳಗಿನ ಮೆತ್ತೆಯನ್ನು ಬೆರಳಿನಿಂದ ಸರಿಸಿದ. ತಮ್ಮಲ್ಲಿ ಪ್ರತಿಯೊಬ್ಬನೂ ಅಲ್ಲಿ ತನ್ನ ರಕ್ತದ ಗುಂಪನ್ನೂ ಮನೆಯವರ ನಂಬರನ್ನೂ ಬರೆದಿಟ್ಟಿರುತ್ತಾನೆ ಎಂದ. ಬೆವರಿಗೆ ಅಕ್ಷರ ಮಾಸಿತ್ತು. ಓದಲು ಬಂತು. ‘ಅಪ್ಪ’ ಎಂದು ಬರೆದು ಮುಂದೆ ಫೋನ್ ನಂಬರು ಇತ್ತು.

ಆ ನಂಬರು ಪೇಟೆಯ ಕನ್ನಡಕದ ಅಂಗಡಿಯದು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರೂ ಸಾವಧಾನನೂ ಒಳಗೆ ಹೋದಾಗ ಅಂಗಡಿಯವರು ಒಬ್ಬ ಮುದುಕಿಯ ಕನ್ನಡಕದ ಕಡ್ಡಿಗೆ ತಿರುಪು ಹಾಕುತ್ತಿದ್ದರು. ಅರವತ್ತು ದಾಟಿದ, ಬಡಕಲು ಮನುಷ್ಯ. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಹಲಗೆ, ಗಾಜಿನ ಕಪಾಟಿನಲ್ಲಿ ಸಾಲು ಚೌಕಟ್ಟುಗಳು, ಮೂಲೆಯಲ್ಲಿ ದೇವರ ಪಟ, ಅದರ ಕೆಳಗೆ ಬೈಕಿನ ಮೇಲೆ ಕುಳಿತು ನಗುವ ಹುಡುಗನ ಫೋಟೋ. ಮುದುಕಿಗೆ ಕನ್ನಡಕ ಹಾಕಿಸಿ, ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ವಿಚಾರಿಸಿ, ಹೊಸ್ತಿಲು ನೋಡಿಕೊಂಡು ದಾಟಮ್ಮ ಎಂದು ಕಳಿಸಿಕೊಟ್ಟರು.

ಇನ್ಸ್‌ಪೆಕ್ಟರ್ ಏನೂ ಕೇಳದೆ ಹೆಲ್ಮೆಟ್ಟನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು.

ಅಂಗಡಿಯ ಯಜಮಾನರು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡರು. ಮುಖ ಬೆಳಗಿತು.

“ಎಲ್ಲಿ ಸಿಕ್ಕಿತು ಸಾರ್? ಮರುದಿನವೇ ಹುಡುಕಿಕೊಂಡು ಹೋದೆ. ಇರಲಿಲ್ಲ.”

ಹೇಳಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೆ ತಿಳಿಯಿತು. ಆದರೂ ಅದನ್ನು ಕೆಳಗಿಡಲಿಲ್ಲ. ಸಾವಧಾನ ಅಂಗಡಿಯ ಬಾಗಿಲು ಮುಂದಕ್ಕೆ ಮಾಡಿದ.

ಆಮೇಲೆ ಅವರು ಯಾವುದನ್ನೂ ಮುಚ್ಚಿಡಲಿಲ್ಲ. ಮಗ ಹೋದ ಮೇಲೆ, ಆ ದಿನದ ಸವಾರರು ಇಂಟರ್ನೆಟ್ಟಿಗೆ ಹಾಕಿದ ವಿಡಿಯೋಗಳನ್ನೆಲ್ಲ ಒಂದೊಂದಾಗಿ ನೋಡಿದ್ದರು. ಯಾವುದರಲ್ಲಾದರೂ ಮಗ ಗಾಡಿ ಓಡಿಸುವುದು ಕಂಡೀತೆಂಬ ಆಸೆ. ಕಂಡದ್ದು ಬೇರೆ. ಒಂದು ವಿಡಿಯೋದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪು ಹೆಲ್ಮೆಟ್ಟು ಬಂದು ಹೋಗುತ್ತದೆ, ಅದರಾಚೆ ಬಿದ್ದ ಬೈಕಿನ ಚಕ್ರ. ಓಡಿಸುವವನು ವೇಗವನ್ನೇ ತಗ್ಗಿಸುವುದಿಲ್ಲ. ಕೊನೆಯಲ್ಲಿ ಅವನೇ ಬಾವುಟ ಏರಿಸುತ್ತಾನೆ. ವಾರ ಕಳೆದು ನೋಡಿದರೆ ಆ ವಿಡಿಯೋ ಅಳಿಸಿಹೋಗಿತ್ತು. ಆ ಮುಖವೂ ಅವನ ಗಾಡಿಯೂ ಮಾತ್ರ ಅವರ ಕಣ್ಣಿನಲ್ಲಿ ಉಳಿದಿದ್ದವು.

ಈ ವರ್ಷ ಮಗನ ಗಾಡಿಯನ್ನು ರಿಪೇರಿ ಮಾಡಿಸಿ, ಅದೇ ತಿರುವಿಗೆ ಒಯ್ದು ಒರಗಿಸಿ, ಮಗನ ಹೆಲ್ಮೆಟ್ಟನ್ನು ರಸ್ತೆಯ ಮೇಲಿಟ್ಟು ಕುಳಿತರು. ಮೊದಲು ಬಂದ ಇಬ್ಬರು ಬೇರೆಯವರು. ನಿಂತು ವಿಚಾರಿಸಿದರು. ಮೆಕ್ಯಾನಿಕ್ ಬರುತ್ತಿದ್ದಾನೆ ಎಂದು ಅವರನ್ನು ಸಾಗಹಾಕಿದರು.

“ಕೊಲ್ಲಬೇಕು ಅಂತ ಹೋಗಿದ್ದಿರಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ ಸಾರ್. ನಿಲ್ಲದೆ ಹೋಗ್ತಾನೆ ಅಂತಲೇ ನಂಬಿದ್ದೆ. ಹೋದರೆ ಇವನು ಹುಟ್ಟಿದ್ದೇ ಹೀಗೆ, ದೇವರು ಇವನಿಗೆ ಎದೆಯಲ್ಲಿ ಏನೂ ಇಟ್ಟಿಲ್ಲ ಅಂತ ಮನೆಗೆ ಹೋಗಿ ಮಲಗ್ತಿದ್ದೆ. ಅಷ್ಟು ಸಿಕ್ಕಿದ್ದರೆ ಸಾಕಿತ್ತು.” ಹೆಲ್ಮೆಟ್ಟಿನ ಅಂಚನ್ನು ಸವರಿದರು. “ನಿಂತ. ಹೆಲ್ಮೆಟ್ಟು ಕಿತ್ತೆಸೆದು ಓಡಿಬಂದ. ಏನಾಯ್ತಪ್ಪಾ, ಎಲ್ಲಿ ಪೆಟ್ಟಾಯ್ತು ಅಂತ ನನ್ನ ಭುಜ ಹಿಡಿದುಕೊಂಡ. ನಿಲ್ಲೋಕೆ ಬರ್ತಿತ್ತು ಸಾರ್ ಅವನಿಗೆ. ಬರ್ತಿತ್ತು. ನನ್ನ ಮಗನಿಗೆ ನಿಲ್ಲಲಿಲ್ಲ.”

ತಡೆಗೋಡೆಯ ಬಳಿ ಬಗ್ಗಿ ಗಾಡಿಯ ಚಕ್ರ ನೋಡುತ್ತಿದ್ದವನನ್ನು ಅವರು ತಳ್ಳಿದ್ದರು. ಬಿದ್ದ ಸದ್ದು ಕೇಳಿ ಭಯ ಹತ್ತಿ ಗಾಡಿ ಏರಿ ಹೊರಟವರಿಗೆ ಹೆಲ್ಮೆಟ್ಟಿನ ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಇನ್ಸ್‌ಪೆಕ್ಟರ್ ಆಗ ಒಂದು ಮಾತು ಹೇಳಿದರು. ಹೇಳದಿದ್ದರೂ ತನಿಖೆಗೆ ಕೊರತೆಯಾಗುತ್ತಿರಲಿಲ್ಲ. ಒಂದು ವರ್ಷದಿಂದ ಆ ಮನುಷ್ಯ ದಾರಿಯಲ್ಲಿ ಕಂಡ ಕಂಡವರಿಗೆಲ್ಲ ನಿಲ್ಲುತ್ತಿದ್ದ ಎಂದರು.

ಯಜಮಾನರು ಅಕ್ಷರಗಳ ಹಲಗೆಯ ಕಡೆಗೆ ತಿರುಗಿದರು.

“ಇದನ್ನ ನನಗೆ ಹೇಳಬಾರದಿತ್ತು ಸಾರ್ ನೀವು,” ಎಂದರು.

ಹೆಂಡತಿಗೆ ತಾವೇ ಹೇಳುತ್ತೇವೆಂದು ಕೇಳಿಕೊಂಡು ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ ಬಂದರು. ಮಧ್ಯಾಹ್ನ ಒಂದು ಗಂಟೆಗೆ ದಸ್ತಗಿರಿಯಾಯಿತು. ಎಫ್‌ಐಆರ್‌ನಲ್ಲಿ ಅಸ್ವಾಭಾವಿಕ ಮರಣ ಕೊಲೆಯಾಯಿತು. ಠಾಣೆಯಲ್ಲಿ ಅವರು ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ದೇವರನ್ನು ಪರೀಕ್ಷೆ ಮಾಡಲು ಹೋಗಬಾರದಿತ್ತು ಎಂದು ಸಾವಧಾನನ ಹತ್ತಿರ ಒಮ್ಮೆ ಅಂದರಂತೆ. ದ್ವೇಷವೆಂದು ಬರೆದುಕೊಂಡರೆ ನ್ಯಾಯಾಲಯಕ್ಕೆ ಸಾಕು. ಆದರೆ ಅವರು ಆ ತಿರುವಿಗೆ ಹೋದದ್ದು, ಮಗನ ಸಾವಿಗೆ ಕಾರಣನಾದವನು ಕಲ್ಲೆಂದು ಕಣ್ಣಾರೆ ಕಂಡು ನೆಮ್ಮದಿ ಪಡೆಯಲು. ಅಲ್ಲಿ ಕಲ್ಲಿರಲಿಲ್ಲ, ಮನುಷ್ಯನಿದ್ದ.

ಅದೇ ದಿನ ಮೂರು ಗಂಟೆಗೆ ಔಷಧಿ ಅಂಗಡಿಯ ಹೆಂಗಸನ್ನು ಕರೆಸಿ ಇನ್ಸ್‌ಪೆಕ್ಟರ್ ಎಲ್ಲವನ್ನೂ ತಿಳಿಸಿದರು. ನಿಮ್ಮ ಗಂಡ ಕುಡಿದಿರಲಿಲ್ಲ, ಕಾಲು ಜಾರಿಯೂ ಬೀಳಲಿಲ್ಲ, ಇನ್ನೊಬ್ಬರ ಸಹಾಯಕ್ಕೆಂದು ಓಡಿ ಸತ್ತರು ಎಂದರು. ಹೋದ ವರ್ಷ ಅವರು ನಿಲ್ಲದೆ ಹೋದದ್ದನ್ನೂ ಹೇಳಿದರು. ಹೇಳದೆ ದಾರಿಯಿರಲಿಲ್ಲ. ಆಕೆ ನಡುವೆ ಒಂದೇ ಪ್ರಶ್ನೆ ಕೇಳಿದಳು, ಈ ಸಲ ತಕ್ಷಣ ನಿಂತರಾ ಎಂದು. ತಕ್ಷಣವೇ ಎಂದರು.

ಆಕೆ ಅಳಲಿಲ್ಲ. ಕೊನೆಗೆ ಕೇಳಿದಳು:

“ಹೋದ ವರ್ಷದ್ದು ಮಗಳಿಗೆ ಗೊತ್ತಾಗಲೇಬೇಕಾ ಸಾರ್?”

“ಕೋರ್ಟಿನಲ್ಲಿ ಎಲ್ಲರೆದುರಿಗೆ ಓದ್ತಾರಮ್ಮ. ಇವತ್ತಲ್ಲ ನಾಳೆ ಯಾರಾದರೂ ಹೇಳ್ತಾರೆ.”

“ಹಾಗಾದರೆ ಯಾರೋ ಹೇಳೋದು ಬೇಡ,” ಎಂದು ಎದ್ದಳು. ಶಾಲೆ ಬಿಡುವ ಹೊತ್ತಾಗಿತ್ತು.