ಗೋದಾಮಿನ ರೂಟರ್ ಮತ್ತು ಗಡ್ಡದವನು

"ಮುಟ್ಟಿದ್ರೆ ಕೈ ಮುರೀತೀನಿ!"

ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ಒಳಗಿದ್ದವನ ಕೈ ಗಾಳಿಯಲ್ಲೇ ನಿಂತಿತು. ಬೆರಳು ಇನ್ನೇನು ರೂಟರಿನ ಸ್ವಿಚ್ಚಿಗೆ ತಾಗುವುದರಲ್ಲಿತ್ತು.

ಮುಖ ತುಂಬ ಗಡ್ಡ, ಕೊರಳಲ್ಲಿ ಹೊಸ ಗುರುತಿನ ಚೀಟಿ, ಕಂಕುಳಲ್ಲಿ ಲ್ಯಾಪ್‌ಟಾಪ್. ಯಾರಪ್ಪಾ ಇವನು?

"ಸುಮ್ನೆ ಒಂದ್ಸಲ ಆಫ್ ಮಾಡಿ ಆನ್ ಮಾಡೋಣ ಅಂತ..."

"ಸುಮ್ನೇನಾ? ಬೆಳಗ್ಗೆಯಿಂದ ಅದರ ಸೆಟ್ಟಿಂಗ್ ಬದಲಾಯಿಸ್ತಿದ್ದೀನಿ, ಇನ್ನೂ ಸೇವ್ ಮಾಡಿಲ್ಲ. ನೀವು ಆಫ್ ಮಾಡಿದ್ರೆ ಅದು ಎಲ್ಲಾ ಮರೆತು ಹಳೇದಕ್ಕೇ ಹೋಗುತ್ತೆ. ನನ್ನ ಕೆಲಸ ಪೂರ್ತಿ ನೀರುಪಾಲು!"

ಅವನು ಥಟ್ಟನೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಕೇಳದೆ ಕೈ ಹಾಕ್ಬಾರ್ದಿತ್ತು ಮೇಡಂ. ತಪ್ಪಾಯ್ತು."

ಅವಳ ಕೋಪ ಅರ್ಧಕ್ಕೇ ನಿಂತಿತು. ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವ ಗಂಡಸನ್ನು ಆ ಕಚೇರಿಯಲ್ಲಿ ಅವಳು ನೋಡಿಯೇ ಇರಲಿಲ್ಲ.

ಆಸ್ಪತ್ರೆಗಳಿಗೂ ಔಷಧಿ ಅಂಗಡಿಗಳಿಗೂ ಮಾಲು ಕಳಿಸುವ ಕಂಪನಿ ಅದು. ಕಚೇರಿ ಇಲ್ಲಿ, ಗೋದಾಮು ಊರಾಚೆ. ಎರಡರ ನಡುವಿನ ನೆಟ್‌ವರ್ಕ್ ಅವಳ ಜವಾಬ್ದಾರಿ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು 'ರೂಟರಮ್ಮ'. ಕಚೇರಿಯ ಹಳೆಯ ರೂಟರ್ ತೆಗೆದು ಹೊಸದನ್ನು ಕೂರಿಸಲು ಹೊರಗಿನ ಕಂಪನಿಯವರು ಕಳಿಸಿದ ಇಂಜಿನಿಯರ್ ಈ ಗಡ್ಡದವನು.

ಬಿಲ್ಲಿಂಗ್ ವಿಭಾಗದಲ್ಲಿದ್ದ ಅವಳ ಅತ್ತಿಗೆಗೆ ಸುದ್ದಿ ಊಟದ ಹೊತ್ತಿಗೆಲ್ಲ ತಲುಪಿತ್ತು.

"ಏನೇ, ಅವನು ಬಂದ ದಿನವೇ ಕೈ ಮುರೀತೀನಿ ಅಂದ್ಯಂತೆ? ಕೈ ಹಿಡಿಯೋನು ಯಾವಾಗ ಬರ್ತಾನೋ ಅಂತ ನಿಮ್ಮಣ್ಣ ಕಾಯ್ತಿದ್ರೆ, ನೀನು ಮುರಿಯೋಕೆ ಮುಂದು!"

"ಅತ್ತಿಗೇ... ಸುಮ್ನೆ ಊಟ ಮಾಡಿ!"

ಮಾರನೇ ದಿನದಿಂದ ಇಬ್ಬರಿಗೂ ಒಂದೇ ಮೇಜು. ಅವಳದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಬೇಕು, ಆಮೇಲೆಯೇ ಎಂಟರ್. ಅವನು ಓದುವುದರ ಜೊತೆಗೆ ತನ್ನ ಬಾಲವನ್ನೂ ಸೇರಿಸುತ್ತಿದ್ದ.

"ಮೇಡಂ ಈಗ ಹುಬ್ಬು ಗಂಟಿಕ್ಕಿದರು... ಮೇಡಂ ಈಗ ಕೋಪದಿಂದ ಎಂಟರ್ ಒತ್ತಿದರು..."

"ರೀ, ಬರೆದಿರೋದನ್ನ ಮಾತ್ರ ಓದಿ!"

ಬಾಯಲ್ಲಿ ಗದರುತ್ತಿದ್ದಳು, ತುಟಿಯಂಚಲ್ಲಿ ನಗು ತಡೆಯುತ್ತಿದ್ದಳು. ಮನೆಗೆ ಹೋದ ಮೇಲೂ ಆ ಧ್ವನಿ ಕಿವಿಯಲ್ಲೇ ಇರುತ್ತಿತ್ತು. 'ಇದೇನಾಯ್ತು ನಂಗೆ!' ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡರೂ ಪ್ರಯೋಜನವಾಗಲಿಲ್ಲ.

ಕಡೆಯ ಕೆಲಸ ಗೋದಾಮಿನ ರೂಟರಿನದು. ಅದು ಕಚೇರಿಯ ಹೊಸ ರೂಟರಿಗೆ ಬರುವ ಹೊಸ ದಾರಿ ಹಿಡಿಯುವಂತೆ ಇಲ್ಲಿಂದಲೇ ಸೆಟ್ಟಿಂಗ್ ಬದಲಿಸಬೇಕು. ದೂರದ ರೂಟರ್ ಅಂದರೆ ಒಂದು ಭಯ. ಒಂದಕ್ಷರ ತಪ್ಪಿದರೂ ಸಂಪರ್ಕ ಕಡಿದು, ನಾವೇ ಹೊರಗೆ ಉಳಿದುಬಿಡುತ್ತೇವೆ. ಅದಕ್ಕೇ ಬಲ್ಲವರು ಮೊದಲೇ ಅದಕ್ಕೊಂದು ಆಜ್ಞೆ ಕೊಟ್ಟಿರುತ್ತಾರೆ, ಸ್ವಲ್ಪ ಹೊತ್ತಿನ ನಂತರ ನಿನ್ನಷ್ಟಕ್ಕೆ ನೀನೇ ಆಫ್ ಆಗಿ ಆನ್ ಆಗು ಎಂದು. ತಪ್ಪಾದರೆ ಅದು ಹಳೆಯದಕ್ಕೆ ಮರಳಿ ಮತ್ತೆ ಕೈಗೆ ಸಿಗುತ್ತದೆ. ಎಲ್ಲ ಸರಿಯಾದರೆ ಆಜ್ಞೆಯನ್ನು ರದ್ದು ಮಾಡಿ ಸೇವ್ ಮಾಡಿದರಾಯಿತು.

ಅವಳು ಆಜ್ಞೆ ಕೊಟ್ಟಳು. ಸೆಟ್ಟಿಂಗ್ ಬದಲಿಸಿದಳು. ಗೋದಾಮು ಹೊಸ ದಾರಿಯಲ್ಲಿ ಚಕ್ಕನೆ ಉತ್ತರಿಸಿತು. ಅವನು ಈ ಕಡೆಯ ಹಳೆಯ ದಾರಿಯನ್ನು ಮುಚ್ಚಿದ.

"ಭೇಷ್!" ಎಂದ. ಆಮೇಲೆ ಧ್ವನಿ ಇಳಿಯಿತು. "ಅಂತೂ ಕೆಲಸ ಮುಗೀತು ಮೇಡಂ. ನಾಳೆಯಿಂದ ನಾನು ಬರಲ್ಲ."

ಕೀಬೋರ್ಡಿನ ಮೇಲೆ ಅವಳ ಬೆರಳು ಹಾಗೇ ನಿಂತಿತು.

"ಹೋಗೋ ಮುಂಚೆ ನಿಮಗೊಂದು ಮಾತು..."

ಅಷ್ಟರಲ್ಲಿ ಮ್ಯಾನೇಜರ್ ಅವನನ್ನು ಕರೆದರು. ಅವನು ಎದ್ದು ಹೋದ. ಕಣ್ಣು ತುಂಬಿ ಬಂದದ್ದು ಯಾರಿಗೂ ಕಾಣದಿರಲೆಂದು ಅವಳೂ ಎದ್ದು ಮುಖ ತೊಳೆಯಲು ಓಡಿದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು.

ಮುಖ ತೊಳೆದು ಬರುವಷ್ಟರಲ್ಲಿ ಕಚೇರಿಯಲ್ಲಿ ಹಾಹಾಕಾರ!

"ಗೋದಾಮು ಕಟ್ ಆಗಿದೆ! ಆಸ್ಪತ್ರೆಗಳ ಆರ್ಡರ್ ನಿಂತಿದೆ, ಲಾರಿಗಳು ಖಾಲಿ ನಿಂತಿವೆ! ಯಾರ್ರೀ ಮಾಡಿದ್ದು?" ಮ್ಯಾನೇಜರ್ ಕೆಂಡಾಮಂಡಲವಾಗಿದ್ದರು.

ಸರ್ವರ್ ಕೋಣೆಯಿಂದ ಅವನು ಹೊರಬರುತ್ತಿದ್ದ, ಕೈಯಲ್ಲಿ ಒಂದು ಕೇಬಲ್. ಮೊದಲೇ ಹದಗೆಟ್ಟಿದ್ದ ಅವಳ ಮನಸ್ಸು ಸ್ಫೋಟಿಸಿತು.

"ಮತ್ತೆ ಕೇಳದೆ ಕೈ ಹಾಕಿದ್ರಾ? ಹೋಗೋನು ಹೋಗ್ತೀನಿ, ಇಲ್ಲಿ ಏನಾದ್ರೆ ನಂಗೇನು ಅಂತಾನಾ?"

"ಇದು ಬಳಸದೆ ಇದ್ದ ಹಳೇ ಕೇಬಲ್..." ಎನ್ನುತ್ತಲೇ ಅವನ ಕಣ್ಣು ತೆರೆದಿದ್ದ ಲ್ಯಾಪ್‌ಟಾಪಿನ ಮೇಲೆ ಹೋಯಿತು. ಒಂದು ಕ್ಷಣ ನೋಡಿದ. ಆಮೇಲೆ ಮ್ಯಾನೇಜರತ್ತ ತಿರುಗಿದ.

"ನನ್ನ ಕಡೆಯಿಂದಲೇ ಆಗಿರ್ಬೇಕು ಸರ್. ಗೋದಾಮಿಗೆ ಹೋಗಿ ಸರಿ ಮಾಡ್ತೀನಿ."

"ಮಾಡಿ! ಆದ್ರೆ ನಿಮ್ಮ ಕಂಪನಿಗೆ ಕಂಪ್ಲೇಂಟ್ ಹೋಗೋದು ಖಂಡಿತ. ಆಮೇಲೆ ನಿಮ್ಮ ಕೆಲಸ ಉಳಿದ್ರೆ ನಿಮ್ಮ ಪುಣ್ಯ."

ಅವನು ಹೆಲ್ಮೆಟ್ ಎತ್ತಿಕೊಂಡು ಹೊರಟೇಬಿಟ್ಟ. ತಿರುಗಿಯೂ ನೋಡಲಿಲ್ಲ.

ಅವಳು ಗೋದಾಮಿನ ಮೇಲ್ವಿಚಾರಕರಿಗೆ ಫೋನ್ ಮಾಡಿದಳು. "ಅಲ್ಲಿ ಕರೆಂಟ್ ಹೋಗಿತ್ತಾ?"

"ಇಲ್ಲ ಕಣಮ್ಮ, ಫ್ಯಾನು ತಿರುಗ್ತಾನೇ ಇದೆ. ನಿಮ್ಮ ಆ ರೂಟರ್ ಡಬ್ಬಿ ದೀಪ ಮಾತ್ರ ಆರಿ, ತಾನಾಗೇ ಹತ್ತಿಕೊಳ್ತು. ಯಾರೂ ಮುಟ್ಟಿಲ್ಲಮ್ಮ."

ತಾನಾಗೇ...

ಅವಳು ಲ್ಯಾಪ್‌ಟಾಪಿನತ್ತ ತಿರುಗಿದಳು. ಆಜ್ಞೆ! ರದ್ದು ಮಾಡಲೇ ಇಲ್ಲ! ಸೇವ್ ಕೂಡ ಮಾಡಲಿಲ್ಲ! ರೂಟರ್ ಪಾಪ, ಹೇಳಿದ ಮಾತು ತಪ್ಪದೆ ನಡೆಸಿ ಹಳೆಯ ದಾರಿಗೆ ಮರಳಿತ್ತು. ಆ ದಾರಿ ಈ ಕಡೆ ಮುಚ್ಚಿಹೋಗಿತ್ತು.

"ಅತ್ತಿಗೇ, ತಪ್ಪು ನಂದು..." ಗದ್ದಲ ಕೇಳಿ ಬಂದಿದ್ದ ಅತ್ತಿಗೆಯ ಎದುರು ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು. "ಅವರಿಗೆ ಗೊತ್ತಿತ್ತು. ಸ್ಕ್ರೀನ್ ನೋಡಿದ ಕೂಡಲೇ ಗೊತ್ತಾಯ್ತು ಅವರಿಗೆ. ಆದ್ರೂ ಬಾಯಿ ಬಿಡಲಿಲ್ಲ. ನಾನು ಎಲ್ಲರ ಮುಂದೆ ಹಾಗೆಲ್ಲ ಅಂದೆ!"

ಅತ್ತಿಗೆ ಅವಳ ತಲೆ ನೇವರಿಸಿದಳು. "ಅತ್ರೆ ಲಾರಿ ಹೊರಡುತ್ತಾ? ಏಳು. ಮೊದಲು ಸಾಹೇಬ್ರ ಹತ್ರ, ಆಮೇಲೆ ಗೋದಾಮಿಗೆ. ಗಾಡಿ ನಾನು ಓಡಿಸ್ತೀನಿ."

ಮ್ಯಾನೇಜರ್ ಎದುರು ಅವಳು ತಲೆ ತಗ್ಗಿಸಲಿಲ್ಲ. "ತಪ್ಪು ನಂದು ಸರ್. ರದ್ದು ಮಾಡೋದು ಮರೆತೆ. ಅವರದ್ದೇನೂ ಇಲ್ಲ."

"ಇದನ್ನ ನಾನು ಮೇಲಿನವರಿಗೆ ಬರೀಬೇಕಾಗುತ್ತೆ. ಈ ಸಲದ ನಿಮ್ಮ ಪ್ರಮೋಷನ್ ಮರೆತುಬಿಡಿ."

"ಆಯ್ತು ಸರ್. ಆದ್ರೆ ಅವರ ಮೇಲೆ ಒಂದಕ್ಷರಾನೂ ಬರೀಬೇಡಿ."

ಮ್ಯಾನೇಜರ್ ಅವಳನ್ನೇ ನೋಡಿ ಉಸಿರುಬಿಟ್ಟರು. "ಬರೆಯಲ್ಲ. ಹೋಗಿ, ಮೊದಲು ಲಾರಿ ಹೊರಡಿಸಿ."

ಗೋದಾಮಿನ ಮೂಲೆಯಲ್ಲಿ, ಔಷಧಿ ಪೆಟ್ಟಿಗೆಗಳ ನಡುವೆ, ಅವನು ನೆಲದ ಮೇಲೆ ಕೂತಿದ್ದ. ಲ್ಯಾಪ್‌ಟಾಪನ್ನು ನೇರವಾಗಿ ರೂಟರಿಗೆ ಜೋಡಿಸಿದ್ದ. ಅವಳನ್ನು ಕಂಡು ಬೆಚ್ಚಿದ.

ಅತ್ತಿಗೆಯನ್ನು ಬಾಗಿಲಲ್ಲೇ ಬಿಟ್ಟು ಅವಳು ಹೋಗಿ ಪಕ್ಕದಲ್ಲೇ ಕೂತಳು. "ನಾನು ಹೇಳ್ತೀನಿ, ನೀವು ಟೈಪ್ ಮಾಡಿ."

ಒಂದೊಂದೇ ಸಾಲು. ಈ ಬಾರಿ ಯಾವ ಬಾಲವೂ ಇರಲಿಲ್ಲ. ಕಡೆಯಲ್ಲಿ ಅವಳೇ ಸೇವ್ ಮಾಡಿ, ಆಗಿದೆಯೇ ಎಂದು ಮತ್ತೊಮ್ಮೆ ನೋಡಿದಳು. ಆಚೆ ಪ್ರಿಂಟರ್ ಚರಚರ ಎಂದು ಬಿಲ್ ಉಗುಳತೊಡಗಿತು. "ಬಂತು, ಬಂತು! ಹತ್ತಿಸ್ರೋ ಮಾಲು!" ಎಂದು ಮೇಲ್ವಿಚಾರಕರು ಕೂಗಿದರು.

ಅವಳು ಅವನತ್ತ ತಿರುಗಿದಳು. ಕಣ್ಣಲ್ಲಿ ನೀರು, ಧ್ವನಿಯಲ್ಲಿ ಸಿಡುಕು.

"ನನ್ನ ತಪ್ಪು ಅಂತ ಗೊತ್ತಿತ್ತು ತಾನೇ? ಯಾಕೆ ಹೇಳಲಿಲ್ಲ?"

"ನಾನು ಹೇಗೂ ಹೋಗೋನು. ನೀವು ಅಲ್ಲೇ ಇರಬೇಕಾದವರು..."

"ಅಬ್ಬಬ್ಬಾ, ಮಹಾ ತ್ಯಾಗಿ! ನಾನು ಬೈದ ಮಾತು ನನ್ನನ್ನ ಜೀವಮಾನ ಪೂರ್ತಿ ಚುಚ್ಚಲಿ ಅಂತಾನಾ? ಸಾಹೇಬ್ರ ಹತ್ರ ನಿಜ ಹೇಳಿ ಬಂದಿದ್ದೀನಿ. ನನ್ನ ತಪ್ಪು ನಂದು. ಅದನ್ನ ಹೊತ್ಕೊಳ್ಳೋಕೆ ನೀವು ಯಾರು ನಂಗೆ?"

ಅವನು ತಲೆ ತಗ್ಗಿಸಿದ.

"ಯಾರೂ ಅಲ್ಲ," ಎಂದ ಮೆಲ್ಲಗೆ. "ಆಗ್ಬೇಕು ಅಂತ ಆಸೆ. ಆಗ ಹೇಳೋಕೆ ಹೊರಟಿದ್ದೂ ಅದನ್ನೇ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ದಡ್ಡ! ಯಾರೂ ಅಲ್ಲದವರು ನಾಳೆಯಿಂದ ಬರಲ್ಲ ಅಂದ್ರೆ, ನಾನ್ಯಾಕೆ ಕೈಯಲ್ಲಿರೋ ಕೆಲಸ ಬಿಟ್ಟು ಅಳೋಕೆ ಓಡ್ತಿದ್ದೆ?"

ಅವನು ತಲೆ ಎತ್ತಿದ. ಗಡ್ಡದೊಳಗಿನಿಂದ ನಗು ಅರಳುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಭಾನುವಾರ ಮನೆಗೆ ಬನ್ನಿ. ಅಣ್ಣನ ಹತ್ರ ಮಾತಾಡಿ."

"ಅಣ್ಣ ಬೈದ್ರೆ?"

"ನಿಮ್ಮನ್ನ ಬೈಯೋದು ನನ್ನ ಕೆಲಸ. ಅದನ್ನ ಅಣ್ಣನಿಗೂ ಬಿಟ್ಟುಕೊಡಲ್ಲ."

"ಹಾಗಾದ್ರೆ ಮುದುಕನಾಗೋ ತನಕ ಬೈಸ್ಕೋತೀನಿ..."

"ಮೊದಲು ಎದ್ದೇಳಿ, ಬಟ್ಟೆಯೆಲ್ಲ ಧೂಳು!" ಎಂದು ಗದರಿದಳು. ಗದರುತ್ತಲೇ ತನ್ನ ಕರವಸ್ತ್ರ ತೆಗೆದು, ಅವನ ಹೆಗಲ ಮೇಲಿನ ಧೂಳನ್ನು ನಿಧಾನವಾಗಿ ಒರೆಸಿದಳು.