ಎರಡು ಕೈಗಳ ಮಾತು

"ಇದನ್ನ ತಗೋಬೇಡಿ ಅಣ್ಣ."

ನೀಲಾವತಿ ಹೇಳಿದ್ದು ಮೆಲ್ಲಗೇ. ಆದರೂ ಆ ಮಾತು ಚಾಮರಾಜನಗರದ ಆ ಮೊಬೈಲ್ ಅಂಗಡಿಯ ಈ ಗೋಡೆಯಿಂದ ಆ ಗೋಡೆಯವರೆಗೂ ಕೇಳಿಸಿತು.

ಅರಿಶಿನ ಮಾರಿ ಬಂದಿದ್ದ ಬಸವಣ್ಣನ ಅಂಗೈಯಲ್ಲಿ ಮಡಚುವ ಫೋನೊಂದು ಅರ್ಧ ತೆರೆದುಕೊಂಡು ಕೂತಿತ್ತು. ಅದನ್ನು ಅಲ್ಲಿಟ್ಟವನು ಮಾದೇಶ್. ಆ ಫೋನನ್ನು ಮಾರಿಸಲೆಂದು ಕಂಪನಿ ಅಂದು ಬೆಳಿಗ್ಗೆಯಷ್ಟೇ ಅವನನ್ನು ಆ ಅಂಗಡಿಗೆ ಕಳಿಸಿತ್ತು. ಮೊದಲ ದಿನ, ಮೊದಲ ಗಿರಾಕಿ... ಅಷ್ಟರಲ್ಲಿ ಈ ಮಾತು.

ಅವನು ತಿರುಗಿ ನೋಡಿದ. ಕೌಂಟರಿನ ಆಚೆ ನಿಂತಿದ್ದ ಅಂಗಡಿಯ ಹುಡುಗಿ ಕಣ್ಣು ತಗ್ಗಿಸಲಿಲ್ಲ.

"ಯಾಕೆ ಮೇಡಂ?"

"ಮಧ್ಯದಲ್ಲಿ ಗೆರೆ ಐತೆ. ಮಡಚೋ ಜಾಗಕ್ಕೆ ದೂಳು ಹೊಕ್ಕರೆ ಕೆಡ್ತದೆ. ಡಿಸ್ಪ್ಲೇ ಹೋದ್ರೆ ಆ ದುಡ್ಡಿಗೆ ಇನ್ನೊಂದು ಫೋನೇ ಬರ್ತದೆ. ಅಣ್ಣ ಹೊಲದಲ್ಲಿ ಇರೋವ್ರು. ಸಾದಾ ಫೋನ್ ಸಾಕು."

"ಗೆರೆ ಬಿಸಿಲಿಗೆ ಓರೆ ಹಿಡಿದ್ರೆ ಮಾತ್ರ ಕಾಣ್ತದೆ, ಓದುವಾಗ ಕಾಣಲ್ಲ. ಮಡಚಿದ್ರೆ ಜೇಬಲ್ಲಿ ಇದೆಯೋ ಇಲ್ಲವೋ ಗೊತ್ತಾಗಲ್ಲ. ಎಲ್ಲಿಟ್ರೂ ತಾನೇ ನಿಂತ್ಕೊಳ್ತದೆ."

"ನಿಂತ್ಕೊಳ್ಳೋಕೆ ನೂರು ರೂಪಾಯಿ ಸ್ಟ್ಯಾಂಡ್ ಸಿಗ್ತದೆ."

ಬಸವಣ್ಣ ಇಬ್ಬರ ಮುಖವನ್ನೂ ನೋಡಿದ. "ಅಲ್ಲ ಕಣಪ್ಪ, ಪಂಚೆ ಮಡಚಕ್ಕೇ ಒತ್ತಿಲ್ಲ ನಂಗೆ. ಇನ್ನು ಪೋನ್ ಬ್ಯಾರೆ ಮಡುಚ್ಲಾ?"

ಅವನು ಸಾದಾ ಫೋನು ಕೊಂಡು ಹೋದ. ಮಾದೇಶ್ ಮಡಚುವ ಫೋನನ್ನು ಒರೆಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟ.

"ನೀವು ಯಾವ ಕಂಪನಿ ಕಡೆ ಮೇಡಂ?"

"ಗಿರಾಕಿ ಕಡೆ."

ಅವನು ಸಿಟ್ಟಾಗುತ್ತಾನೆ ಎಂದುಕೊಂಡಳು. ಅವನು ನಕ್ಕ. ಆ ನಗು ಸಂಜೆ ಬಾಡಿಗೆ ಕೋಣೆಗೆ ಮರಳಿದ ಮೇಲೂ ಅವಳ ಜೊತೆಯಲ್ಲೇ ಇತ್ತು. ಅದು ಅವಳಿಗೆ ಇಷ್ಟವಾಗಲಿಲ್ಲ.

ಮಾದೇಶನ ಊರು ಪುಣಜನೂರು, ಸತ್ಯಮಂಗಲದ ರಸ್ತೆಯಲ್ಲಿ ಕಾಡಿನ ಅಂಚು. ಗಿರಾಕಿಗಳ ಮುಂದೆ ಎಷ್ಟು ಬೇಕಾದರೂ ಮಾತಾಡುವ ಅವನು, ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಊಟಕ್ಕೆ ಕೂತರೆ ಒಂದು ಮಾತೂ ಆಡುತ್ತಿರಲಿಲ್ಲ. ಎರಡು ಮೆಟ್ಟಿಲು ಮೇಲೆ ಅವಳು, ಕೆಳಗೆ ಅವನು. ಡಬ್ಬಿಯ ಮುಚ್ಚಳದ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ನೀಲಾವತಿ ಬೆಳೆದದ್ದೇ ಮೌನದಲ್ಲಿ. ಮೌನದಲ್ಲಿ ಎಷ್ಟು ಬಗೆಯಿದೆ ಎಂದು ಅವಳಿಗೆ ಗೊತ್ತಿತ್ತು. ಬೇಸರದ್ದು, ಅಹಂಕಾರದ್ದು, ಕಾಯುವಿಕೆಯದು... ಇವನದು ಯಾವುದು?

ಒಂದು ಮಧ್ಯಾಹ್ನ ಅವನು ಮೆಟ್ಟಿಲಿಗೆ ಬರುವಾಗ ಅವಳು ಫೋನನ್ನು ಅಲ್ಲಿದ್ದ ರಟ್ಟಿನ ಪೆಟ್ಟಿಗೆಗೆ ಒರಗಿಸಿಟ್ಟು, ಅದರ ಮುಂದೆ ಎರಡೂ ಕೈ ಆಡಿಸುತ್ತಿದ್ದಳು. ಪರದೆಯ ಮೇಲೆ ಒಬ್ಬ ಹೆಂಗಸಿನ ಅರ್ಧ ಮುಖ. ಆಕೆಯ ಒಂದು ಕೈ ಮಾತ್ರ ಕಾಣುತ್ತಿತ್ತು. ಇನ್ನೊಂದರಲ್ಲಿ ಫೋನಿತ್ತು. ಆ ಒಂಟಿ ಕೈ ಏನನ್ನೋ ಶುರುಮಾಡಿ, ಅರ್ಧಕ್ಕೆ ನಿಂತು, ಸೋತು ಕೆಳಗಿಳಿಯಿತು. ಕರೆ ಕಡಿಯಿತು.

ಅವನು ನೋಡಿದ್ದನ್ನು ಅವಳು ನೋಡಿದಳು. ಇನ್ನು ಮುಚ್ಚಿಡುವುದಕ್ಕೇನೂ ಇರಲಿಲ್ಲ.

"ನಮ್ಮವ್ವ. ಹುಟ್ಟಿದಾಗಿಂದ ಕಿವಿ ಕೇಳಲ್ಲ, ಮಾತಿಲ್ಲ. ಶಾಲೆಗೆ ಹೋದವಳಲ್ಲ. ಕೈಯಲ್ಲಿ ನಾವು ಮೂವರೇ ಕಟ್ಕೊಂಡ ಮಾತು. ನಮ್ಮಪ್ಪ ಹೋದ ಮೇಲೆ ಆ ಮಾತು ಪೂರಾ ಗೊತ್ತಿರೋದು ನಂಗೊಬ್ಬಳಿಗೇ."

ಮಾದೇಶ್ ಡಬ್ಬಿ ತೆರೆದು ಕೆಳಗಿನ ಮೆಟ್ಟಿಲಲ್ಲಿ ಕೂತ.

"ಭೀಮನಬೀಡಲ್ಲಿ ಮಾವನ ಮನೇಲವಳೆ. ಮಾವ, ಅತ್ತೆ ಒಳ್ಳೇವ್ರೇ. ಬಾ, ಉಣ್ಣು, ಹೋಗು ಅನ್ನೋದನ್ನ ಸನ್ನೆ ಮಾಡ್ತಾರೆ. ಅಷ್ಟೇ. ಹಗಲೆಲ್ಲ ಚೆಂಡುಹೂವಿನ ಹೊಲ. ನಾನು ಕೊಡಿಸಿದ ಫೋನು ಉದ್ದ, ಸೊಂಟದ ಸಂಚೀಲಿ ಹಿಡಿಯಲ್ಲ. ಗೋಡೆ ಗೂಡಲ್ಲಿಟ್ಟು ಹೋಗ್ತಾಳೆ. ರಿಂಗಾದ್ರೆ ಕೇಳಲ್ವಲ್ಲ... ಅತ್ತೆ ನೆನಪಾದ ದಿನ ತಂದುಕೊಟ್ರೆ ಉಂಟು. ಕೊಟ್ರೂ ಒಂದು ಕೈ ಫೋನಿಗೇ ಹೋಯ್ತು."

"ಸ್ಟ್ಯಾಂಡ್?" ಅವನು ಕೇಳಿದ್ದು ಅಷ್ಟೇ.

"ಎರಡು ಕೊಡಿಸ್ದೆ. ಒಂದು ಗಾಳಿಗೆ ಬಿದ್ದು ಫೋನಿನ ಗಾಜು ಒಡೀತು. ಇನ್ನೊಂದು ಹೂವಿನ ಮೂಟೆ ಜೊತೆ ಎಲ್ಲಿಗೆ ಹೋಯ್ತೋ." ಅವಳು ನಗಲು ನೋಡಿದಳು. "ಅವ್ವ ಸೊರಗಿ ಹೋಗವಳೆ ಕಣ್ರೀ. ಈ ತಿಂಗಳಿಗೆ ಕೆಲಸ ಬಿಡ್ತೀನಿ. ಊರಿಗೆ ಹೋಗ್ತೀನಿ."

ಮದುವೆಗೆ ಬಂದ ಮೂರು ಸಂಬಂಧಗಳನ್ನು ಇದೇ ಕಾರಣಕ್ಕೆ ಬೇಡವೆಂದದ್ದನ್ನು ಅವಳು ಹೇಳಲಿಲ್ಲ. 'ನಾನು ದೂರ ಹೋದರೆ ಅವ್ವನಿಗೆ ಮಾತೇ ಇಲ್ಲ' ಎಂದು ದಿನವೂ ತನಗೆ ತಾನೇ ಹೇಳಿಕೊಳ್ಳುವುದನ್ನೂ ಹೇಳಲಿಲ್ಲ.

ಮಾದೇಶ್ ಡಬ್ಬಿ ಮುಚ್ಚಿ ಎದ್ದು ಹೋದ. ಸಮಾಧಾನದ ಒಂದು ಮಾತೂ ಇಲ್ಲ.

'ಇಷ್ಟೇನಾ...' ಎಂದುಕೊಂಡಳು. ಅಷ್ಟು ನೋವಾಗಬೇಕಾದ ಕಾರಣವೇನು ಎಂದು ಕೇಳಿಕೊಳ್ಳಲು ಹೆದರಿದಳು.

ಮುಂದಿನ ಸೋಮವಾರ ಮಾದೇಶನಿಗೆ ರಜೆ. ಅಂದು ಸಂಜೆ ಭೀಮನಬೀಡಿನಿಂದ ಮಾವ ಪುಟ್ಟಬಸಪ್ಪನ ಫೋನು ಬಂತು.

"ಯಾವನೋ ಮೊಬೈಲ್ ಅಂಗಡಿಯವ್ನು ಬಂದಿದ್ದ ಕಣಮ್ಮಿ. ಒಲದ ಬದೀಲಿ ಮಡಚೋ ಪೋನ್ ಮಡಗಿ, ಅಕ್ಕನ್ನ ಮುಂದೆ ಕೂರ್ಸಿ, ಕೈ ಆಡ್ಸೋದನ್ನ ಈಡಿಯೋ ಮಾಡ್ಕಂಡು ಓದ. ನಿಂಗೆ ಗೊತ್ತಿತ್ತಾ?"

"ಆಮೇಲೆ ಮಾತಾಡ್ತೀನಿ ಮಾವ," ಎಂದು ನೀಲಾವತಿ ಕರೆ ಕಡಿದಳು.

ಎರಡು ವರ್ಷದ ಹಿಂದೆ ಅವಳನ್ನು ನೋಡಲು ಬಂದವರ ಕಡೆಯ ಒಬ್ಬ ಹೀಗೇ ಮಾಡಿದ್ದ. ಅವ್ವ ಕಾಫಿ ಕೊಡುತ್ತ ಕೈಯಲ್ಲಿ ಏನೋ ಹೇಳಿದ್ದನ್ನು ವಿಡಿಯೋ ಮಾಡಿ, ಕುಣಿತದ ಹಾಡು ಸೇರಿಸಿ ಎಲ್ಲರಿಗೂ ಹಂಚಿದ್ದ. ಊರೆಲ್ಲ ನಕ್ಕಿತ್ತು. ಅವ್ವನಿಗೆ ನಗು ಕೇಳಿಸದು. ಆದರೆ ಕಾಣಿಸುತ್ತದೆ.

ಮಾದೇಶ್ ವಾರಕ್ಕೊಂದು ರೀಲ್ಸ್ ಮಾಡಿ ಅಂಗಡಿಯ ಪೇಜಿಗೆ ಹಾಕುತ್ತಿದ್ದ. ಮಡಚುವ ಫೋನಿಗೆ ಒಂದು ಹೊಸ ಜಾಹೀರಾತು ಬೇಕೆಂದು ಮಾಲೀಕರು ಹೇಳಿದ್ದನ್ನು ಅವಳೇ ಕೇಳಿದ್ದಳು.

'ನನ್ನ ಬಾಯಿಂದಲೇ ಕೇಳಿಸಿಕೊಂಡು ಹೋದ. ನಾನೇ ಊರು ಹೇಳಿದೆ...'

ಮಂಗಳವಾರ ಬೆಳಿಗ್ಗೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವಳು ಎದುರು ನಿಂತಳು.

"ಮೆಟ್ಟಿಲ ತಾವ ಬನ್ನಿ."

ಬಂದ.

"ನಮ್ಮವ್ವ ಎಷ್ಟು ಲೈಕ್ ತಂದುಕೊಟ್ಲು?"

ಅವನಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು.

"ಮೂಗಿ ಕೈ ಆಡ್ಸಿದ್ರೆ ಜನ ನೋಡ್ತಾರೆ. ಫೋನೂ ಮಾರಾಟ ಆಗ್ತದೆ. ಅಲ್ವಾ? ನಿಮ್ಮನ್ನ ಬೇರೆ ಥರ ಅಂದ್ಕೊಂಡಿದ್ದೆ ನಾನು. ದಡ್ಡಿ."

ಮಾದೇಶ್ ಜೇಬಿನಿಂದ ತನ್ನ ಮಡಚುವ ಫೋನು ತೆಗೆದ. ವರ್ಷವಿಡೀ ಕೂಡಿಟ್ಟು ಕೊಂಡಿದ್ದ ಸ್ವಂತದ ಫೋನು. ಅದನ್ನು ಅರ್ಧ ತೆರೆದು ಅವಳೆದುರಿನ ಮೆಟ್ಟಿಲ ಮೇಲಿಟ್ಟ. ಅದು ಪುಟ್ಟ ಪುಸ್ತಕದಂತೆ ತಾನೇ ನಿಂತಿತು. ವಿಡಿಯೋ ಒತ್ತಿ, ನಾಲ್ಕು ಮೆಟ್ಟಿಲು ಇಳಿದು, ಬೆನ್ನು ತಿರುಗಿಸಿ ಕೂತ.

"ನಾನು ನೋಡಿಲ್ಲ. ನಿಮಗೆ ಅಂತ ಹೇಳಿದ್ದು ಅದು. ಹೊಲದಿಂದ ನಿಮಗೆ ವಿಡಿಯೋ ಕಾಲ್ ಮಾಡ್ದೆ, ನಿಮ್ಮ ಫೋನು ಡ್ರಾಯರಲ್ಲಿ ಇತ್ತೇನೋ. ಅದಕ್ಕೇ ರೆಕಾರ್ಡ್ ಮಾಡ್ದೆ."

ಪರದೆಯ ತುಂಬ ಚೆಂಡುಹೂವು. ಅದರ ನಡುವೆ ಬದುವಿನ ಮೇಲೆ ಅವ್ವ, ಚಿಕ್ಕನಿಂಗಮ್ಮ. ಅವಳ ಎರಡೂ ಕೈ ಖಾಲಿಯಾಗಿದ್ದವು.

ಅವ್ವ ಬಲಗೆನ್ನೆಯನ್ನು ಬೆರಳಿನಿಂದ ಎರಡು ಸಲ ತಟ್ಟಿಕೊಂಡಳು. ಅದು ನೀಲಾವತಿಗೆ ಅವಳಿಟ್ಟ ಹೆಸರು. ಆಮೇಲೆ ಆ ಕೈಗಳು ಹೊರಟವು... ನಿಲ್ಲಲೇ ಇಲ್ಲ.

ನಿನ್ನತ್ತೆ ಬೆಲ್ಲವನ್ನು ನನಗೆ ಸಿಗದ ಹಾಗೆ ಬಚ್ಚಿಡುತ್ತಾಳೆ, ನಾನು ಕಂಡುಹಿಡಿದೆ. ನಿನ್ನ ಮಾವನಿಗೆ ಮಂಡಿ ನೋವು, ಹೀಗೆ ನಡೆಯುತ್ತಾನೆ. ಅವ್ವ ಕೂತಲ್ಲೇ ಪುಟ್ಟಬಸಪ್ಪನಾಗಿ ಕುಂಟಿದಳು. ನೀಲಾವತಿಗೆ ಅಳುವಿನ ನಡುವೆಯೇ ನಗು ಬಂತು. ಎಷ್ಟು ತಿಂಗಳಾಗಿತ್ತು ಅವ್ವ ಹೀಗೆ ಹರಟೆ ಹೊಡೆದು.

ಕೆಲಸ ಬಿಟ್ಟು ಬರುತ್ತೇನೆ ಅಂದೆಯಲ್ಲ. ಬಂದರೆ ಹೊಡೆಯುತ್ತೇನೆ. ನಾನು ಸೊರಗಿದ್ದು ನೀನು ದೂರ ಇದ್ದದ್ದಕ್ಕಲ್ಲ. ಒಂದು ಕೈಯಲ್ಲಿ ನಾನು ಉಂಡೆಯಾ, ಮಲಗಿದೆಯಾ ಅಂತ ಮಾತ್ರ ಕೇಳಬಲ್ಲೆ. ಬೇರೆಲ್ಲ ಒಳಗೇ ಉಳಿಯುತ್ತದೆ. ಈ ಫೋನು ನೋಡು. ಕಲ್ಲಿನ ಮೇಲಿಟ್ಟರೆ ನನ್ನ ಮುಂದೆ ನೆಂಟರ ಹಾಗೆ ಕೂರುತ್ತದೆ. ಮಡಚಿದರೆ ಎಲೆಯಡಿಕೆ ಸಂಚಿಯೊಳಗೆ ಹೋಗುತ್ತದೆ. ಕರೆ ಬಂದರೆ ಸೊಂಟದಲ್ಲಿ ಜುಮ್ಮೆನ್ನುತ್ತದೆ. ಈ ಹುಡುಗ ಮೂರು ಸಲ ಮಾಡಿ ತೋರಿಸಿದ. ಮೂರು ಸಲವೂ ನಕ್ಕೆ.

ಅವ್ವ ಹೂವಿನ ಸಾಲಿನ ಆಚೆ ಒಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು.

ಎಲ್ಲರೂ ನನ್ನ ಕೈಯನ್ನೇ ದಿಟ್ಟಿಸುತ್ತಾರೆ. ಇವನು ಫೋನು ಇಟ್ಟವನು ಅಷ್ಟು ದೂರ ಹೋಗಿ ಬಿಸಿಲಲ್ಲಿ ಬೆನ್ನು ತಿರುಗಿಸಿ ಕೂತಿದ್ದಾನೆ. ನಮ್ಮ ಮಾತನ್ನು ಕದ್ದು ಕೇಳಬಾರದಂತೆ. ಅಂಗಡಿಯಲ್ಲಿ ತೆಗೆದ ನಿನ್ನ ಫೋಟೋ ತೋರಿಸುವಾಗ ಇವನ ಬೆರಳು ನಡುಗಿತು. ಕಿವುಡಿಗೆ ಅದು ಕೂಗಿ ಹೇಳಿದ ಹಾಗೆ.

ವಿಡಿಯೋ ಮುಗಿಯಿತು. ಮಾದೇಶ್ ಇನ್ನೂ ಬೆನ್ನು ತಿರುಗಿಸಿಯೇ ಕೂತಿದ್ದ. ಅಂಗಿಯ ಬೆನ್ನು ಬೆವರಿತ್ತು.

"ನಾನು ಏನೇನೋ ಅಂದ್ಬುಟ್ಟೆ," ಎಂದಳು.

"ಪರವಾಗಿಲ್ಲ ಬುಡಿ. ಹೇಳದೆ ಹೋಗಿದ್ದು ನನ್ನ ತಪ್ಪೇ. ಹೇಳಿ ಹೋಗಿ, ಅದು ಅವ್ವಂಗೆ ಒಗ್ಗದೇ ಇದ್ದಿದ್ರೆ ನಿಮಗೆ ಇನ್ನೊಂದು ನಿರಾಸೆ ಅಂತ..."

"ಅದಕ್ಕಾ ಅವತ್ತು ಒಂದು ಮಾತೂ ಆಡದೆ ಎದ್ದು ಹೋದದ್ದು?"

"ಏನು ಆಡ್ಲಿ? ಅಯ್ಯೋ ಪಾಪ ಅನ್ಲಾ?"

ಅವಳು ಫೋನನ್ನು ಮಡಚಿದಳು. ಮೆದುವಾಗಿ, ಟಪ್ಪೆಂದು ಮುಚ್ಚಿಕೊಂಡಿತು. ಇಂಥದನ್ನು ಗಾಜಿನ ಪೆಟ್ಟಿಗೆಯಿಂದ ನೂರಾರು ಸಲ ತೆಗೆದಿಟ್ಟಿದ್ದಳು. ಅದು ಇಷ್ಟು ಚೆಂದದ ವಸ್ತು ಎಂದು ಈಗಲೇ ಅನಿಸಿದ್ದು. ಯಾರೋ ಎಲ್ಲೋ ಕೂತು, ಗಾಜು ಬಾಗುವ ಹಾಗೆ ಮಾಡಿದ್ದರು. ಅದು ಬಂದು ಅವ್ವನ ಕೈಗಳನ್ನು ಬಿಡಿಸಿತ್ತು.

"ಈ ಫೋನು ದಂಡ ಅಂತ ನಾನು ಎಲ್ರಿಗೂ ಹೇಳ್ತಿದ್ದೆ."

"ಮುಕ್ಕಾಲು ಪಾಲು ಜನಕ್ಕೆ ದಂಡವೇ. ನೀವು ಸುಳ್ಳು ಹೇಳಿಲ್ಲ. ಬಸವಣ್ಣಂಗೆ ಸಾದಾ ಫೋನೇ ಸರಿ. ಕೆಲವ್ರಿಗೆ ಮಾತ್ರ ಇದು ಬೇಕೇ ಬೇಕು." ಅವನು ತಿರುಗದೆಯೇ ಫೋನಿನತ್ತ ಕೈ ಮಾಡಿದ. "ಗುರುವಾರ ನಿಮಗೆ ರಜೆ ಅಲ್ವಾ, ತಗೊಂಡೋಗಿ ಅವ್ವಂಗೆ ಕೊಡಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ನೀವು ಆಗಲ್ಲ ಅಂದ್ರೂ ಫೋನು ಅವ್ರದೇ."

"ಯಾವುದಕ್ಕೆ ಆಗಲ್ಲ ಅಂದ್ರೆ?"

ಅತ್ತ ತಿರುಗಿದ್ದ ಅವನ ಕಿವಿ ಕೆಂಪಾಯಿತು.

"ಕೇಳಿ. ನಾನು ಕೇಳಿಸ್ಕೊಳ್ತೀನಿ."

"ಮದುವೆ ಆಗ್ತೀರಾ ಅಂತ," ಎಂದ. ಎದುರಿನ ಗೋಡೆಗೆ ಹೇಳಿದಂತಿತ್ತು.

ನೀಲಾವತಿಯ ಎದೆ ಹೌದೆಂದಿತು. ಬಾಯಿ ಹೇಳಲಿಲ್ಲ. ಪುಣಜನೂರು ಭೀಮನಬೀಡಿನಿಂದ ಎರಡು ಬಸ್ಸಿನ ದೂರ. ಒಂದು ವಿಡಿಯೋ ಸರಿ... ದಿನವೂ, ಗಾಳಿ ದೂಳಿನ ಆ ಹೊಲದಲ್ಲಿ, ಮಾದೇಶ್ ಪಕ್ಕದಲ್ಲಿ ಇಲ್ಲದಾಗ, ಅವ್ವ ಒಬ್ಬಳೇ ಇದನ್ನು ತೆಗೆದು ಮಾತಾಡಬಲ್ಲಳೇ?

"ಶುಕ್ರವಾರ ಮಧ್ಯಾಹ್ನ ಹೇಳ್ತೀನಿ," ಎಂದಳು.

ಗುರುವಾರ ಅವಳು ಆ ಫೋನನ್ನು ಅವ್ವನ ಕೈಗಿಟ್ಟು, ಕರೆ ಮಾಡುವುದನ್ನು ಕಲಿಸಿ ಬಂದಳು. ಶುಕ್ರವಾರ ಮೆಟ್ಟಿಲ ಮೇಲೆ ಅವಳ ಸಾದಾ ಫೋನು ಪೆಟ್ಟಿಗೆಗೆ ಒರಗಿತ್ತು. ಗೋಡೆ, ನೆರಳು ಇರುವವರಿಗೆ ಅಷ್ಟು ಸಾಕು. ಮಾದೇಶ್ ಕೆಳಗಿನ ಮೆಟ್ಟಿಲಲ್ಲಿ ಅತ್ತ ತಿರುಗಿ ಕೂತಿದ್ದ. ಅವನ ಕೈಯಲ್ಲಿ ಹಳೆಯ ಬಟನ್ ಫೋನಿತ್ತು. ಡಬ್ಬಿ ತೆರೆದೇ ಇರಲಿಲ್ಲ.

ಅವಳು ಕರೆ ಮಾಡಿದಳು. ಅವ್ವ ತೆಗೆಯಲಿಲ್ಲ.

ಇನ್ನೊಮ್ಮೆ ಮಾಡಿದಳು. ಅದೂ ಸುಮ್ಮನೆ ಕಡಿಯಿತು.

'ಆಗಲಿಲ್ಲ,' ಎಂದುಕೊಂಡಳು. ಮಾದೇಶನ ಬೆನ್ನು ಅಲುಗಲಿಲ್ಲ.

ಆಗ ಭೀಮನಬೀಡಿನಿಂದಲೇ ಕರೆ ಬಂತು. ಪರದೆಯಲ್ಲಿ ಮೊದಲು ಆಕಾಶ. ಆಮೇಲೆ ಒಂದು ಬೆರಳು. ಆಮೇಲೆ ಕಲ್ಲಿನ ಮೇಲೆ ನೆಟ್ಟಗೆ ನಿಂತ ನೋಟದಲ್ಲಿ ಅವ್ವ. ಕೈಯೆಲ್ಲ ಹೂವಿನ ಹಳದಿ.

ಹೂವಿನ ಮೂಟೆ ಹೊತ್ತಿದ್ದೆ, ಇಳಿಸಿ ಬರುವಷ್ಟರಲ್ಲಿ ನಿನಗೆ ಅವಸರ, ಎಂದು ಎರಡೂ ಕೈಯಲ್ಲಿ ಬೈದಳು.

ನೀಲಾವತಿ ನಕ್ಕಳು. ತಾಯಿ ಮಗಳು ಕಾಲು ಗಂಟೆ ಮಾತಾಡಿದರು. ಮೆಟ್ಟಿಲ ಮೇಲೆ ಬಳೆಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕೊನೆಗೆ ಅವ್ವ ಒಂದು ಪ್ರಶ್ನೆ ಕೇಳಿದಳು. ನೀಲಾವತಿ ಮುಖ ಮುಚ್ಚಿಕೊಂಡಳು. ಆಮೇಲೆ ಕರೆದಳು.

"ರೀ, ಈ ಕಡೆ ತಿರುಗಿ. ಅವ್ವ ಕರೀತಾವಳೆ."

ಮಾದೇಶ್ ತಿರುಗಿದ. ಪರದೆಗೆ ಕೈ ಮುಗಿದ.

"ಅವ್ವ ಕೇಳ್ತಾವಳೆ, ಪುಣಜನೂರಲ್ಲಿ ಟವರ್ ಸಿಗ್ತದಾ ಅಂತ."

ಪ್ರಶ್ನೆಯ ಅರ್ಥ ತಿಳಿದು ಅವನು ಎದ್ದು ನಿಂತ.

"ಸುಳ್ಳು ಹೇಳಲ್ಲ. ಮನೆ ಒಳಗೆ ಸಿಗಲ್ಲ. ಹಿತ್ತಲ ಹುಣಸೆ ಮರದ ತಾವ ಚೆನ್ನಾಗಿ ಸಿಗ್ತದೆ."

ನೀಲಾವತಿ ಅದನ್ನು ಅವ್ವನಿಗೆ ಕೈಯಲ್ಲಿ ಹೇಳಿದಳು. ಅವ್ವ ತಲೆಯಾಡಿಸಿದಳು.

"ಹಂಗಾದ್ರೆ ದಿನಾ ಸಂಜೆ ನಾವಿಬ್ರೂ ಹುಣಸೆ ಮರದ ತಾವ ಹೋಗನ," ಎಂದಳು ನೀಲಾವತಿ, ಅವನ ಕಡೆ ನೋಡದೆ.

"ನಾನೂ ಬರ್ಲಾ? ನಿಮ್ಮಿಬ್ರ ಮಾತು..."

"ಬರ್ದೇ ಇದ್ರೆ ಕಲಿಯೋದು ಯಾವಾಗ?" ಅವಳು ಅವನ ಎರಡೂ ಕೈಗಳನ್ನು ಹಿಡಿದು ಪರದೆಯ ಮುಂದೆ ಎತ್ತಿದಳು. "ಮೊದ್ಲು 'ಅತ್ತೆ' ಅನ್ನೋದು ಕಲೀರಿ."